ಎಡಬದಿಯ ಒಂದು ಹಲಗೆ

ಹೊನ್ನೆ ಎಣ್ಣೆಯ ವಾಸನೆ ಇಷ್ಟ ಎನ್ನುವವರನ್ನು ನಾನು ನಂಬುವುದಿಲ್ಲ. ಅದೊಂದು ಕಮಟು ವಾಸನೆ, ಮೂಗಿನಲ್ಲಿ ಕೂತರೆ ಎರಡು ದಿನ ಏಳುವುದಿಲ್ಲ. ಕಳೆದ ತಿಂಗಳು ಮುಂಬೈ ಹತ್ತಿರದ ಕಲ್ಯಾಣದಲ್ಲಿ, ಸಮುದ್ರದ ಹಿನ್ನೀರು ಒಳನುಗ್ಗುವ ಖಾಡಿಯ ದಡದ ದೋಣಿ ಸಂಗ್ರಹಾಲಯಕ್ಕೆ ಹೋಗಿದ್ದೆ. ಹಳೆಯ ದೋಣಿಯೊಂದರ ದುರಸ್ತಿಯನ್ನು ಊರಿನವರೂ ಬಂದು ನೋಡಬಹುದಾದ ಭಾನುವಾರ ಅದು. ಹಿಂಬದಿಯ ಶೆಡ್ಡಿಗೆ ಕಾಲಿಡುತ್ತಲೇ ಆ ವಾಸನೆ ಬಡಿಯಿತು. ಯಾರೋ ಡಬ್ಬಿಯಲ್ಲಿ ಬಟ್ಟೆ ಅದ್ದಿ ಹಲಗೆಗೆ ಉಜ್ಜುತ್ತಿದ್ದರು. ನಾನು ಬಾಗಿಲಲ್ಲೇ ನಿಂತೆ. ಆ ಕ್ಷಣ ನಾನು ಡೊಂಬಿವಲಿಯ ನಮ್ಮ ಬಿಲ್ಡಿಂಗಿನ ಮೂರನೇ ಮಾಳಿಗೆಯಲ್ಲಿದ್ದೆ, ಎದುರುಮನೆ ಕಾಕಾನ ಬಾಗಿಲ ಮುಂದೆ...

ಕಾಕಾ ಕುಂದಾಪುರದ ಕಡೆಯವರು, ನಾವು ವಿಜಯಪುರದವರು. ಎರಡು ಬಾಗಿಲುಗಳ ನಡುವೆ ನಾಲ್ಕು ಹೆಜ್ಜೆ ಅಂತರ, ಎರಡು ಕನ್ನಡಗಳ ನಡುವೆ ಅದಕ್ಕಿಂತ ಹೆಚ್ಚು. ಖಾಡಿಯಿಂದ ಮರಳು ಎತ್ತುವ ಮರದ ದೋಣಿಗಳನ್ನು ಕಟ್ಟಲು ಅವರು ಹರೆಯದಲ್ಲೇ ಇಲ್ಲಿಗೆ ಬಂದಿದ್ದರು. ಆ ಕೆಲಸ ನಿಂತ ಮೇಲೆ ಭಿವಂಡಿಯ ಫರ್ನಿಚರ್ ವರ್ಕ್‌ಶಾಪು ಸೇರಿದರು. ವರ್ಷಕ್ಕೊಮ್ಮೆ ಊರಿನ ಬಸ್ಸಿನಲ್ಲಿ ಅವರಿಗೆ ಒಂದು ಕ್ಯಾನು ಹೊನ್ನೆ ಎಣ್ಣೆ ಬರುತ್ತಿತ್ತು. ದೋಣಿಗೆ ಬಳಿಯುವ ಆ ಎಣ್ಣೆಯನ್ನು ಅವರು ತಮ್ಮ ಮನೆಬಾಗಿಲಿಗೆ ಬಳಿಯುತ್ತಿದ್ದರು. ಇಡೀ ಮಾಳಿಗೆ ನಾರುತ್ತಿತ್ತು. ಸೊಸೈಟಿಯ ಸೆಕ್ರೆಟರಿ ಒಮ್ಮೆ ನೋಟಿಸನ್ನೂ ಅಂಟಿಸಿದ್ದರು.

"ಏನ್ರೀ ಅಣ್ಣಾರ, ಬಾಗಲಾನೂ ಖಾಡಿಗೆ ಬಿಡವ್ರದೀರೇನು?" ಎಂದು ಅಮ್ಮ ಕೇಳಿದ್ದಳು.

"ಮಳಿಗಾಲ್ದಗೆ ಕಾಣಿ ಅಮ್ಮ. ನಿಮ್ ಬಾಗ್ಲ್ ಉಬ್ಬತ್ತ್. ನಮ್ದ್ ಉಬ್ಬುದಿಲ್ಲೆ" ಎಂದಿದ್ದರು ಕಾಕಾ.

ಹೇಳಿದಂತೆಯೇ ಆಗುತ್ತಿತ್ತು. ಜುಲೈ ಬಂತೆಂದರೆ ನಾವು ನಮ್ಮ ಬಾಗಿಲಿಗೆ ಭುಜ ಕೊಡುತ್ತಿದ್ದೆವು. ಕಾಕಾ ತಮ್ಮದನ್ನು ಒಂದು ಬೆರಳಿನಿಂದ ತೆರೆದು, ನಮ್ಮತ್ತ ನೋಡಿ, ಮತ್ತೆ ಮುಚ್ಚುತ್ತಿದ್ದರು. ಬೇಕೆಂದೇ ಮಾಡುತ್ತಿದ್ದರು ಎಂಬ ಸಂಶಯ ನನಗೆ ಆಗಲೂ ಇತ್ತು, ಈಗಲೂ ಇದೆ.

ಎಂಟನೇ ತರಗತಿಯಲ್ಲಿ ನಾನು ಚರ್ಚಾಸ್ಪರ್ಧೆಗಳಿಗೆ ಹೋಗತೊಡಗಿದೆ. ನಾನು ಕುಳ್ಳಿ. ಪೋಡಿಯಮ್ಮಿನ ಹಿಂದೆ ನಿಂತರೆ ಸಭೆಗೆ ನನ್ನ ಬೈತಲೆ ಮಾತ್ರ ಕಾಣುತ್ತಿತ್ತು. ಮೊದಲ ಸ್ಪರ್ಧೆಯಲ್ಲಿ ಎಲ್ಲರೂ ನಕ್ಕರು. ಮನೆಗೆ ಬಂದು ನಾನು ಕೂಗಾಡಿದ್ದು ಎದುರುಮನೆಗೆ ಕೇಳಿಸಿರಬೇಕು. ವಾರದ ಮೇಲೆ ಕಾಕಾ ಒಂದು ಸ್ಟೂಲು ತಂದಿಟ್ಟರು. "ಇದ್ರ್ ಮೇಲ್ ನಿಂತ್ಕೊ ವಕೀಲಮ್ಮ. ಇನ್ ಯಾರ್ ನಗಾಡ್ತ್ರ್ ಕಾಂಬ."

ಸ್ಟೂಲಿನ ಪ್ರತಿ ಕಾಲಿನ ತುದಿಯಲ್ಲೂ ಉಳಿಯಿಂದ ಕೊರೆದ ಒಂದು ಸಣ್ಣ ಗೀರಿತ್ತು. ಇದೇನು ಎಂದು ಕೇಳಿದೆ. ಮರದ ಬುಡದ ಗುರುತು ಅದು ಎಂದರು. ಬುಡ ಕೆಳಗೇ ಇರಬೇಕು, ಮರ ಬೆಳೆದ ಹಾಗೇ ಕಾಲು ನಿಲ್ಲಬೇಕು. ದೋಣಿಯಲ್ಲಾದರೆ ಪ್ರತಿ ಹಲಗೆಯ ಬುಡ ಹಿಂದಕ್ಕೆ, ತುದಿ ಮುಂದಕ್ಕೆ. ಗಂಟುಗಳು ಯಾವ ಕಡೆ ವಾಲಿವೆಯೋ ಅದು ತುದಿ, ಯಾಕೆಂದರೆ ಕೊಂಬೆ ಬೆಳೆಯುವುದು ಮೇಲ್ಮುಖವಾಗಿ. ಮರ ಬೆಳೆದ ದಿಕ್ಕಿಗೇ ದೋಣಿ ಹೋಗಬೇಕು. ಅವರಿಗೆ ಕೆಲಸ ಕಲಿಸಿದವರ ಮೊದಲ ಪಾಠ ಇದೇ ಅಂತೆ.

ನಾನು ಬಿಡಲಿಲ್ಲ. ಕಡಿದ ಮೇಲೆ ಮರಕ್ಕೆ ಮೇಲೇನು, ಕೆಳಗೇನು? ಸತ್ತಿದೆಯಲ್ಲ?

"ಸತ್ತದ್ದ್ ನಿಂಗೆ. ನೀರಿಗ್ ಇಳ್ದ್ ಕೂಡ್ಲೆ ಅದ್ಕ್ ಎಲ್ಲ ನೆನ್ಪಾತ್ತ್."

ಹಾಗಾದರೆ ನೀವು ಒಮ್ಮೆಯೂ ತಪ್ಪಿಲ್ಲವೇ ಎಂದು ಕೇಳಿದೆ. ಎದುರಾಳಿ ದೊಡ್ಡ ಮಾತಾಡಿದಾಗ ಹೀಗೆ ಕೇಳಬೇಕೆಂದು ನಮ್ಮ ಟೀಚರು ಹೇಳಿಕೊಟ್ಟಿದ್ದರು. ಕಾಕಾ ಬಾಗಿಲಾಚೆ ಒಮ್ಮೆ ನೋಡಿ ದನಿ ತಗ್ಗಿಸಿದರು. ಒಮ್ಮೆ ತಪ್ಪಿತ್ತು. ಅಮಾವಾಸ್ಯೆಯ ದೊಡ್ಡ ಭರತಕ್ಕೆ ದೋಣಿ ನೀರಿಗಿಳಿಯಬೇಕಿತ್ತು. ಹಿಂದಿನ ದಿನ ನೋಡಿದರೆ ಎಡಬದಿಯ ಒಂದು ಹಲಗೆ ಅದರ ಜಾಗದಲ್ಲಿ ಕೂರುತ್ತಿಲ್ಲ, ತಿರುಗಿಸಿ ಇಟ್ಟರೆ ಕೂರುತ್ತದೆ. ಹೊಸದನ್ನು ಕೊಯ್ಯಲು ಕೂತರೆ ಭರತ ತಪ್ಪುತ್ತದೆ, ಮತ್ತೆ ಹುಣ್ಣಿಮೆಯವರೆಗೆ ಕಾಯಬೇಕು. ಮಾಲೀಕ ತಲೆಯ ಮೇಲೆ ನಿಂತಿದ್ದ. ಕಾಕಾ ಹಲಗೆ ತಿರುಗಿಸಿದರು, ಒಳಗೂ ಹೊರಗೂ ದಪ್ಪಗೆ ಡಾಂಬರು ಬಳಿದರು.

"ಮುಳುಗಿತಾ ಕಾಕಾ?"

"ಮುಳ್ಗಿದ್ರೆ ಒಳ್ಳೇದಿತ್ತ್. ಯಾರೂ ಕಾಂತಿರ್ಲಿಲ್ಲ."

ಆಗ ನಾನು ನಕ್ಕೆ. ಅವರು ನಗಲಿಲ್ಲ. ಯಾರಿಗೂ ಹೇಳಬೇಡ ಎಂದು ಅವರು ಕೇಳಿಕೊಳ್ಳಲಿಲ್ಲ... ನಾನು ಅದನ್ನು ಮರೆತೇಬಿಟ್ಟೆ.

ಸಂಗ್ರಹಾಲಯ ತೆರೆದಾಗ ನಾನು ಕಾಲೇಜಿನಲ್ಲಿದ್ದೆ. ಮೊದಲ ದಿನದಿಂದಲೂ ನನಗೆ ಅದರ ಮೇಲೆ ಗುಮಾನಿ. ಖಾಡಿಗೆ ಲಾರಿಗಟ್ಟಲೆ ಮಣ್ಣು ಸುರಿದು ಟವರು ಎಬ್ಬಿಸಿದ ಕಾಲ ಇದು. ಈಗ ಖಾಡಿಯ ನೆನಪಿಗೆ ಎಸಿ ಹಾಕಿಸಿ ಟಿಕೆಟು ಇಟ್ಟರೆ ಯಾರ ಋಣ ತೀರುತ್ತದೆ? ಸೂರಿನ ಕೆಳಗೊಂದು ಕರಿ ದೋಣಿ, ನಾಲ್ಕು ಹುಟ್ಟು, ಬಲೆ, ಗೋಡೆಯ ತುಂಬ ಫೋಟೋ. 'ನಿಮ್ಮ ನೆನಪು ತನ್ನಿ' ಎಂದು ತಿಂಗಳಿಗೊಂದು ಕಾರ್ಯಕ್ರಮ. ದೋಣಿಯ ಪಕ್ಕದ ಫಲಕದಲ್ಲಿ 'ಕಟ್ಟಿದವರು: ತಿಳಿದಿಲ್ಲ' ಎಂದಿತ್ತು. ಅದನ್ನು ಕಟ್ಟಿದ್ದು ತಾವೇ, ತಮ್ಮ ಮನೆಯವರೇ ಎಂದು ಮೂವರು ಬಂದಾಗ, ಸಂಗ್ರಹಾಲಯದವರು ಅದನ್ನೂ ಒಂದು ಕಾರ್ಯಕ್ರಮ ಮಾಡಿದರು. ಹಕ್ಕು ಹೇಳುವವರು ವೇದಿಕೆಗೆ ಬರುವುದು, ನಮ್ಮ ಕಾಲೇಜಿನ ಚರ್ಚಾ ತಂಡ ಸಭೆಯ ಮುಂದೆ ಪ್ರಶ್ನೆ ಕೇಳುವುದು, ನಿಜವೆನಿಸಿದವರ ಹೆಸರು ಫಲಕಕ್ಕೆ ಏರುವುದು.

ಮೊದಲು ಬಂದದ್ದು ಖಾಡಿಯಾಚೆಯ ಹಳ್ಳಿಯ, ಕೋಳಿ ಎಂಬ ಮೀನುಗಾರ ಸಮುದಾಯದ ಅಜ್ಜಿ, ಮಾವನ ಪರವಾಗಿ. ಎರಡನೆಯವರು ಇಲ್ಲಿನದೇ ಆಗ್ರಿ ಸಮುದಾಯದ ಒಬ್ಬ ಯಜಮಾನರು, ಅಪ್ಪನ ಪರವಾಗಿ. ಮೂರನೆಯ ಕುರ್ಚಿಯಲ್ಲಿ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಕೂತಿದ್ದವರು ನಮ್ಮ ಎದುರುಮನೆ ಕಾಕಾ. ಮುಂದಿನ ಸಾಲಿನಲ್ಲಿ ಅವರ ಹೆಂಡತಿ, ನಮ್ಮ ಕಾಕಿ, ಮದುವೆಮನೆಗೆ ಉಡುವ ಸೀರೆಯಲ್ಲಿ. ಇಬ್ಬರೂ ನನಗೆ ಮೊದಲೇ ಒಂದು ಮಾತೂ ಹೇಳಿರಲಿಲ್ಲ. ಕಾಕಾ ನನ್ನನ್ನು ನೋಡಿ ಕಣ್ಣು ಮಿಟುಕಿಸಿದರು.

ಅವರನ್ನು ಪ್ರಶ್ನಿಸುವ ಸರದಿ ನನ್ನದೇ ಆಗಿತ್ತು. ಇವರು ನಮ್ಮ ನೆರೆಯವರು, ಬೇರೆ ಯಾರಾದರೂ ಕೇಳಲಿ ಎಂದು ಎದ್ದು ಹೇಳಬಹುದಿತ್ತು. ಹೇಳಲಿಲ್ಲ. ತನ್ನವರೆಂದು ಬಿಟ್ಟಳು ಎಂಬ ಮಾತು ಬರಬಾರದೆಂದು, ಉಳಿದಿಬ್ಬರನ್ನು ಯಾರೂ ಪ್ರಶ್ನಿಸಿರದಷ್ಟು ಗಡುಸಾಗಿ ಕೇಳಿದೆ. ಅದೂ ಮರಾಠಿಯಲ್ಲಿ. ಕಾಕಾನ ಮರಾಠಿ ವರ್ಕ್‌ಶಾಪಿನ ಮರಾಠಿ, ಮರ ಮತ್ತು ಅಳತೆಯ ಆಚೆಗೆ ಹೋಗುತ್ತಿರಲಿಲ್ಲ. ಫೋಟೋ ಇದೆಯೇ? ಇಲ್ಲ. ಮಾಲೀಕರ ಕಾಗದ? ಇಲ್ಲ. ಚೀಲದಿಂದ ತಮ್ಮ ಹಳೆಯ ಬಾಚಿ ತೆಗೆದು ತೋರಿಸಿದರು. ಬಾಚಿ ಎಲ್ಲ ಬಡಗಿಗಳ ಬಳಿಯೂ ಇರುತ್ತದೆ ಎಂದೆ. ಸಭೆ ನಕ್ಕಿತು. ನನಗೆ ಹುರುಪು ಬಂತು.

ಕೊನೆಯ ಪ್ರಶ್ನೆಯನ್ನು ನಾನು ಎರಡು ದಿನ ಕೂತು ಹೊಸೆದಿದ್ದೆ. "ನೋಡಿದವರಿಗೆ ಕಾಣದ, ಕಟ್ಟಿದವರಿಗೆ ಮಾತ್ರ ಗೊತ್ತಿರುವ ಒಂದೇ ಒಂದು ಸಂಗತಿ ಹೇಳಿ."

ಕಾಕಾ ಎದ್ದರು. ದೋಣಿಯನ್ನು ಸುತ್ತಿ ಅದರ ಎಡಬದಿಗೆ ಹೋದರು. ಡಾಂಬರಿನ ಮೇಲೆ ಅಂಗೈ ಇಟ್ಟು ನಿಂತರು. ಕೋಳಿ ಅಜ್ಜಿಯೂ ಆಗ್ರಿ ಯಜಮಾನರೂ ಕುರ್ಚಿಯ ತುದಿಗೆ ಬಂದು ಕೂತಿದ್ದರು. ಅಲ್ಲಿ ನೆರೆದವರಲ್ಲಿ ದೋಣಿ ಕಟ್ಟುವ ಮನೆತನದವರೆಂದರೆ ಅವರಿಬ್ಬರೇ. ಕಾಕಾ ಅವರನ್ನು ನೋಡಿದರು, ಕಾಕಿಯನ್ನು ನೋಡಿದರು, ಆಮೇಲೆ ನನ್ನನ್ನು. ಕನ್ನಡದಲ್ಲಿ ಹೇಳಿದರು, "ಎಂತದೂ ಇಲ್ಲೆ, ಹೆಣ್ಣೆ."

ನಾನು ಮೈಕಿಗೆ ಬಾಗಿ ಮರಾಠಿಗೆ ತಿರುಗಿಸಿದೆ. "ಕಾಹೀ ನಾಹೀ." ಚಪ್ಪಾಳೆ ಬಿತ್ತು, ನನಗೆ.

ಉಳಿದಿಬ್ಬರ ಬಳಿಯೂ ಪುರಾವೆ ಇರಲಿಲ್ಲ, ಯಾರ ಹೆಸರೂ ಫಲಕ ಏರಲಿಲ್ಲ. ಸುಳ್ಳು ಹೆಸರಿಗಿಂತ 'ತಿಳಿದಿಲ್ಲ' ಮೇಲು ಎಂದು ನಾನು ಸಮಾರೋಪದಲ್ಲಿ ಭಾಷಣ ಬಿಗಿದೆ. ವಾಪಸು ಬರುವಾಗ ಲೋಕಲ್ಲಿನಲ್ಲಿ ನಾವು ಮೂವರೂ ಒಂದೇ ಬೆಂಚಿನಲ್ಲಿದ್ದೆವು. ಕಾಕಿ ಕಿಟಕಿಯಾಚೆ ನೋಡುತ್ತಿದ್ದರು. ಠಾಕುರ್ಲಿ ಸ್ಟೇಷನ್ನು ದಾಟಿದ ಮೇಲೆ ಕಾಕಾ ಹೇಳಿದರು, "ಕಡಿಗ್ ಕೇಂಡದ್ ಲಾಯ್ಕ್ ಇತ್ತ್. ದೋಣಿ ಕಟ್ದವ್ರ್ ಕೇಂಬ ಪ್ರಶ್ನೆ ಅದ್." ನಾನು ಅದನ್ನು ಹೊಗಳಿಕೆ ಎಂದುಕೊಂಡು ಥ್ಯಾಂಕ್ಸ್ ಹೇಳಿದೆ.

ಆಮೇಲೂ ಅವರು ಅಮ್ಮನ ಜೋಳದ ರೊಟ್ಟಿಗೆ ಬರುತ್ತಿದ್ದರು, ಬಾಗಿಲಿಗೆ ಎಣ್ಣೆ ಬಳಿಯುತ್ತಿದ್ದರು. ನನ್ನನ್ನು ವಕೀಲಮ್ಮ ಎನ್ನುವುದನ್ನು ಮಾತ್ರ ನಿಲ್ಲಿಸಿದ್ದರು. ಸುಳ್ಳು ಸಿಕ್ಕಿಬಿದ್ದ ನಾಚಿಕೆ ಎಂದು ನಾನು ತೀರ್ಮಾನಿಸಿದೆ. ಎರಡು ವರ್ಷದ ಮೇಲೆ, ನಾನು ಪುಣೆಯಲ್ಲಿ ಓದುತ್ತಿದ್ದಾಗ, ಅವರು ತೀರಿಹೋದರು. ಪರೀಕ್ಷೆಯಿತ್ತು. ನಾನು ಬರಲಿಲ್ಲ. ಕಾಕಿ ಮನೆ ಮಾರಿ ಮಗಳೊಂದಿಗೆ ಟಿಟ್ವಾಳಾಕ್ಕೆ ಹೋದರು.

ಈಗ ಆ ಶೆಡ್ಡಿನಲ್ಲಿ ಅದೇ ದೋಣಿಯ ಡಾಂಬರನ್ನು ಪೂರ್ತಿ ಹೆರೆದು ತೆಗೆದಿದ್ದರು. ದುರಸ್ತಿಯ ಹುಡುಗಿ ನನ್ನದೇ ವಯಸ್ಸಿನವಳು. ಬಂದವರಿಗೆಲ್ಲ ಒಂದು ತಮಾಷೆ ತೋರಿಸುತ್ತಿದ್ದಳು. "ಎಲ್ಲಾ ಗಂಟುಗಳೂ ಮುಂದಕ್ಕೆ ವಾಲಿವೆ, ಕಾಣ್ತಿದೆಯಾ? ಈ ಒಂದು ಹಲಗೆಯದು ಮಾತ್ರ ಹಿಂದಕ್ಕೆ. ಕಟ್ಟಿದವನಿಗೆ ಆವತ್ತು ನಿದ್ದೆ ಬಂದಿರಬೇಕು!" ಎಂದು ಮರಾಠಿಯಲ್ಲಿ ಹೇಳಿ ನಕ್ಕಳು. ಜನರೂ ನಕ್ಕರು.

ಎಡಬದಿ.

ಒಂದು ಹಲಗೆಯಿಂದ ಏನೂ ಸಾಬೀತಾಗುವುದಿಲ್ಲ, ನನಗೆ ಗೊತ್ತು. ಅವಸರದಲ್ಲಿ ಹಲಗೆ ತಿರುಗಿಸಿದ ಬಡಗಿ ಈ ಖಾಡಿಯಲ್ಲಿ ಒಬ್ಬನೇ ಇದ್ದನೇ? ಇರುವುದೇ ಎರಡು ಬದಿ, ಎಡ ಎನ್ನುವುದು ಎಷ್ಟರ ಸಾಕ್ಷಿ? ಕಾಕಾ ಹೇಳಿದ್ದು ಈ ದೋಣಿಯ ಕತೆಯೇ ಎಂಬುದಕ್ಕೆ ಏನು ಆಧಾರ? ತಪ್ಪಿತಸ್ಥ ಮನಸ್ಸು ಏನನ್ನು ಬೇಕಾದರೂ ನೆನಪಿಸಿಕೊಳ್ಳುತ್ತದೆ ಎಂಬ ಗುಮಾನಿಯೂ ಇದೆ. ಆದರೆ ಅಂಗೈ ಇಟ್ಟು ನಿಂತರಲ್ಲ, ಆ ಜಾಗ ನನಗೆ ನೆನಪಿದೆ. ಹೋಗಿ ನನ್ನ ಅಂಗೈ ಇಟ್ಟು ನೋಡಿದೆ. ನನ್ನ ಕೈಯ ಕೆಳಗೆ ಬಂದದ್ದು ಅದೇ ಹಲಗೆ.

ಅಂದು ಫಲಕದಲ್ಲಿ ಹೆಸರು ಬೇಕಿದ್ದರೆ ಅವರು ಬದಲಿಗೆ ತಮ್ಮ ತಪ್ಪಿನ ಗುಟ್ಟನ್ನು ಕೊಡಬೇಕಿತ್ತು. ಆ ಇಬ್ಬರ ಎದುರು, ಕಾಕಿಯ ಎದುರು, ನಾನು ಮೈಕು ಹಿಡಿದು ನಿಂತಿರುವಾಗ. ಅವರು ಕೊಡಲಿಲ್ಲ.

"ಇದನ್ನೂ ತೆಗೆದು ಹೊಸದು ಹಾಕ್ತೀರಾ?" ಎಂದು ಕೇಳಿದೆ.

"ಇದನ್ನಾ? ಇಲ್ಲಪ್ಪ. ಅಕ್ಕಪಕ್ಕದವೆಲ್ಲ ಕೊಳೆತಿವೆ, ಇದೊಂದೇ ಕಲ್ಲಿನ ಹಾಗಿದೆ. ಇದು ಹೀಗೇ ಇರುತ್ತೆ."

ಹೊರಗೆ ಬಂದರೆ ಅಂದಿನ ಕಾರ್ಯಕ್ರಮ ನಡೆಸಿದ್ದ ಸಂಗ್ರಹಾಲಯದ ಮೇಡಂ 'ನಿಮ್ಮ ನೆನಪು ತನ್ನಿ' ಎಂಬ ಅದೇ ಹಾಳೆಗಳನ್ನು ಹಿಡಿದು ಮೇಜಿನ ಮುಂದೆ ಕೂತಿದ್ದರು. ಗುರುತು ಹಿಡಿದರು. "ಅರೇ, ಆವತ್ತು ಮೂವರನ್ನೂ ಮನೆಗೆ ಕಳಿಸಿದವಳು ನೀನೇ ಅಲ್ವಾ?" ನಾನು ಹಾಳೆ ತೆಗೆದುಕೊಂಡು ದೋಣಿ ಕಟ್ಟಿದವರ ಹೆಸರಿನ ಜಾಗದಲ್ಲಿ ಕಾಕಾನ ಹೆಸರನ್ನು ಪೂರ್ತಿಯಾಗಿ ಬರೆದೆ. ಊರು ಬರೆದೆ. ಕೆಳಗಿನ ಸಾಕ್ಷಿಯ ಸಾಲನ್ನು ಖಾಲಿ ಬಿಟ್ಟು ಹಾಳೆ ಕೊಟ್ಟೆ.

"ಪುರಾವಾ?" ಎಂದರು ಮೇಡಂ. ಸಾಕ್ಷಿ ಏನಿದೆ ಎಂದು.

ಶೆಡ್ಡಿನೊಳಗೆ ಮತ್ತೊಂದು ಗುಂಪು ನಗುವುದು ಕೇಳಿಸಿತು.

"ಕಾಹೀ ನಾಹೀ" ಎಂದೆ.

ಅವರು ಹೆಸರಿನ ಪಕ್ಕದಲ್ಲಿ ಪೆನ್ಸಿಲಿನಿಂದ 'ಎಂದು ಹೇಳುತ್ತಾರೆ' ಎಂದು ಬರೆದುಕೊಂಡರು. ಫಲಕ ಬದಲಾಗುವುದೆಂಬ ನಂಬಿಕೆ ನನಗಿಲ್ಲ. ಅವರ ಜಾಗದಲ್ಲಿ ನಾನಿದ್ದರೂ ಬದಲಿಸುತ್ತಿರಲಿಲ್ಲ. ಆ ಹಾಳೆಯಲ್ಲಿ ಅವರ ಹೆಸರಿದೆ, ಹಲಗೆಯ ತಪ್ಪಿಲ್ಲ. ನಾನೀಗ ಬರೆದ ಇದರಲ್ಲಿ ತಪ್ಪಿದೆ, ಹೆಸರಿಲ್ಲ. ಎರಡನ್ನೂ ಓದುವವರು ಯಾರಾದರೂ ಇದ್ದರೆ, ದಯವಿಟ್ಟು ಒಂದರ ಪಕ್ಕ ಒಂದನ್ನು ಇಡಬೇಡಿ.

ಎದುರುಮನೆಗೆ ಹೊಸಬರು ಬಂದಿದ್ದಾರೆ, ಬಾಗಿಲು ಬದಲಿಸಿದ್ದಾರೆ. ಮಾಳಿಗೆ ಈಗ ನಾರುವುದಿಲ್ಲ. ಸ್ಟೂಲು ಅಮ್ಮನ ಬಳಿಯಿದೆ, ಅಟ್ಟದಿಂದ ಡಬ್ಬಿ ಇಳಿಸಲು ಹತ್ತುತ್ತಾಳೆ. ತಿರುಗಿಸಿದ ಹಲಗೆಯೇ ಎಲ್ಲಕ್ಕಿಂತ ಗಟ್ಟಿಯಾಗಿ ಉಳಿದಿದೆ ಕಾಕಾ, ನಿಮ್ಮ ಬುಡ-ತುದಿಯ ಲೆಕ್ಕವೇ ಸುಳ್ಳು ಎಂದು ವಾದ ಹೂಡಬೇಕಿತ್ತು. ಅವರು ಏನಾದರೊಂದು ಹೇಳಿ ನನ್ನ ಬಾಯಿ ಮುಚ್ಚಿಸುತ್ತಿದ್ದರು...

ವಾರದಿಂದ ಮಳೆ ಹಿಡಿದಿದೆ. ಇಂದು ಬೆಳಿಗ್ಗೆ ಎದುರುಮನೆಯವರು ಉಬ್ಬಿದ ಬಾಗಿಲಿಗೆ ಒಳಗಿನಿಂದ ಭುಜ ಕೊಡುವ ಸದ್ದು ಕೇಳಿಸಿತು.