ಹನ್ನೊಂದು ಮನೆಗೆ ಬಸ್ಸು ನಿಂತದ್ದು

ಬಂಗಾರಪೇಟೆಯಿಂದ ಚಿನ್ನದ ಗಣಿಗೆ, ಅಂದರೆ ಮೈನ್ಸ್ ಕಡೆಗೆ, ಹೋಗುವ ರಸ್ತೆಯಲ್ಲಿ ನಮ್ಮದೊಂದು ಊರಿತ್ತು. ಊರು ಅಂದರೆ ಕೇಳಿದವರು ನಗುತ್ತಿದ್ದರು. ರಸ್ತೆಯ ಒಂದು ಪಕ್ಕ ಏಳು ಮನೆ, ಇನ್ನೊಂದು ಪಕ್ಕ ನಾಲ್ಕು. ಸರ್ಕಾರದ ಕಾಗದದಲ್ಲಿ ಅದಕ್ಕೆ ಹೆಸರಿತ್ತೋ ಇಲ್ಲವೋ ನನಗೆ ಇವತ್ತಿಗೂ ಗೊತ್ತಿಲ್ಲ. ಗಾಡಿ ಹೊಡೆಯುವವರು ಹನ್ನೊಂದು ಮನೆ ಅನ್ನುತ್ತಿದ್ದರು, ನಾವೂ ಹಾಗೇ ಅಂದೆವು. ಹನ್ನೆರಡನೆಯದನ್ನು ಯಾರೂ ಕಟ್ಟಲಿಲ್ಲ.

ಕಟ್ಟುವಂಥ ನೆಲವೂ ಅದಲ್ಲ. ಒಂದು ಮೈಲಿ ಆಚೆಗೆ ಗಣಿಯವರು ಚಿನ್ನ ತೆಗೆದು ಬಿಟ್ಟ ಮಣ್ಣು ಸುರಿದು ಸುರಿದು ಬೆಳೆದ ಸೈನೈಡ್ ದಿಬ್ಬ. ಗಾಳಿ ಎದ್ದರೆ ಅದರ ಬಿಳಿ ಮರಳು ಬಂದು ನಮ್ಮ ಮುದ್ದೆಯ ಮೇಲೆ, ಕಣ್ಣಿನ ರೆಪ್ಪೆಯ ಮೇಲೆ ಕೂರುತ್ತಿತ್ತು. ಬೆಳಿಗ್ಗೆ ಹಾಕಿದ ರಂಗೋಲಿ ಮಧ್ಯಾಹ್ನಕ್ಕೆ ಕಾಣುತ್ತಿರಲಿಲ್ಲ. ಎಕ್ಕ, ಜಾಲಿ, ಪಾಪಾಸುಕಳ್ಳಿ ಬಿಟ್ಟು ಬೇರೇನೂ ಬೆಳೆಯದು. ಪಕ್ಕದ ಹಳ್ಳಿಯ ಮಿಡ್ಲ್ ಸ್ಕೂಲಿನಲ್ಲಿ ಮೇಷ್ಟ್ರು ಮರುಭೂಮಿಯ ಪಾಠ ಮಾಡಿ ‘ಯಾರಾದರೂ ನೋಡಿದ್ದೀರಾ?’ ಎಂದು ಕೇಳಿದಾಗ ನಾನು ಎದ್ದು ನಿಂತು ‘ಅದು ನಮ್ಮೂರು ಸಾರ್’ ಅಂದೆ. ಅವರು ನಕ್ಕರು. ನಾನು ತಮಾಷೆಗೆ ಹೇಳಿರಲಿಲ್ಲ.

ಇಂಥಲ್ಲಿ ಜನ ಯಾಕೆ ಬಂದು ಕೂತರು ಅಂದರೆ, ಎತ್ತಿನ ಕಾಲಿಗಾಗಿ. ಸುತ್ತಲ ಹಳ್ಳಿಗಳಿಂದ ಸೌದೆ, ಹುಲ್ಲು, ತರಕಾರಿ ಹೇರಿಕೊಂಡು ಗಾಡಿಗಳು ಮೈನ್ಸ್‌ನ ಸಂತೆಗೆ ಹೋಗುತ್ತಿದ್ದವು. ರಸ್ತೆ ಬರೀ ಕಲ್ಲು. ಅಷ್ಟು ದೂರ ಬರುವಷ್ಟರಲ್ಲಿ ಎತ್ತುಗಳು ಗೊರಸು ಸವೆದು ಕುಂಟುತ್ತಿದ್ದವು. ಸರಿಯಾಗಿ ಅವು ಕುಂಟುವ ಜಾಗ ನೋಡಿ ನಮ್ಮ ತಾತ ಗುಡಿಸಲು ಹಾಕಿ ಲಾಳ ಕಟ್ಟಲು ಕೂತ. ಎತ್ತನ್ನು ಹಗ್ಗ ಹಾಕಿ ಕೆಡವಿ ನಾಲ್ಕು ಕಾಲು ಬಿಗಿದ ಮೇಲೆ ಅದರ ಕುತ್ತಿಗೆಯ ಮೇಲೆ ಮಂಡಿಯೂರಿ, ಕಿವಿಯಲ್ಲಿ ಏನೇನೋ ಪಿಸುಗುಟ್ಟುತ್ತಾ ಅದನ್ನು ಸುಮ್ಮನಿರಿಸುವವಳು ನಮ್ಮಜ್ಜಿ. ಎಂಥ ಪೊಗರಿನ ಎತ್ತೂ ಅಜ್ಜಿಯ ಮಾತು ಕೇಳುತ್ತಿತ್ತು. ದಾರಿಯ ಜನವೆಲ್ಲ ಅವಳನ್ನು ಲಾಳದಜ್ಜಿ ಎಂದೇ ಕರೆಯುತ್ತಿದ್ದರು. ಆಮೇಲೆ ಕುಪ್ಪಂ ಕಡೆಯ ಕಮ್ಮಾರನೊಬ್ಬ ಚಕ್ರಕ್ಕೆ ಪಟ್ಟಿ ಹಾಕಲು ಬಂದ, ಒಬ್ಬ ಟೀ ಅಂಗಡಿ ಇಟ್ಟ, ಒಬ್ಬಳು ಮುದ್ದೆ ಸಾರು ಮಾರಿದಳು. ಹಾಗೆ ಹನ್ನೊಂದಾಯಿತು.

ತಾತ ಹೋದ ಮೇಲೆ ಲಾಳದ ಕೆಲಸ ಅಪ್ಪನ ಕೈಗೆ ಬಂತು. ಅಷ್ಟರಲ್ಲಿ ಲಾರಿ ಬಂದವು. ನಾನು ಬುದ್ಧಿ ಬಲ್ಲವಳಾಗುವ ಹೊತ್ತಿಗೆ, ಅಂದರೆ ಐವತ್ತರ ದಶಕದ ಕೊನೆಗೆ, ದಿನಕ್ಕೆ ಒಂದು ಗಾಡಿ ನಿಂತರೆ ಹಬ್ಬ. ಅಪ್ಪ, ಕಮ್ಮಾರ ಎಲ್ಲ ಮೈನ್ಸ್‌ಗೆ ಕೂಲಿಗೆ ನಡೆಯತೊಡಗಿದರು. ರೈಲು ದೂರದಲ್ಲಿ ನಮ್ಮನ್ನು ನೋಡಿ ಕೂಗಿ ಹೋಗುತ್ತಿತ್ತು, ಅಷ್ಟೆ. ಸರ್ವಿಸ್ ಬಸ್ಸೊಂದು ಬೆಳಿಗ್ಗೆ ಎಂಟಕ್ಕೆ ಮೈನ್ಸ್ ಕಡೆಯಿಂದ ಬಂದು ಬಂಗಾರಪೇಟೆಗೆ ಹೋಗುತ್ತಿತ್ತು, ಮಧ್ಯಾಹ್ನ ವಾಪಸ್ಸು. ಕೈ ಅಡ್ಡ ಹಿಡಿದರೂ ನಿಲ್ಲದೆ ಧೂಳೆಬ್ಬಿಸಿಕೊಂಡು ನುಗ್ಗುತ್ತಿತ್ತು. ದಾರಿ ನಂಬಿ ಬದುಕಿದ ಊರನ್ನು ದಾರಿಯೇ ಮರೆಯಿತು.

ಆ ವರ್ಷ ನನ್ನ ಮಿಡ್ಲ್ ಸ್ಕೂಲು ಮುಗಿಯುವುದಿತ್ತು. ಹೈಸ್ಕೂಲು ಇದ್ದದ್ದು ಬಂಗಾರಪೇಟೆಯಲ್ಲಿ. ಅಷ್ಟು ದೂರ ಹೆಣ್ಣುಹುಡುಗಿ ಒಬ್ಬಳೇ ನಡೆದು ಹೋಗುವುದು ಬೇಡ, ಬಸ್ಸು ನಿಂತರೆ ಕಳಿಸುತ್ತೇನೆ, ಇಲ್ಲದಿದ್ದರೆ ಇಲ್ಲ ಎಂದು ಅಪ್ಪ ಹೇಳಿಬಿಟ್ಟ. ಅಪ್ಪ ಕೆಟ್ಟವನಲ್ಲ. ಬಸ್ಸು ನಿಲ್ಲುವುದಿಲ್ಲ ಎಂದು ಗೊತ್ತಿದ್ದರಿಂದ ಧಾರಾಳವಾಗಿ ಹೇಳಿದ.

ಅಮ್ಮ ಅದನ್ನು ಅಲ್ಲಿಗೇ ಬಿಡಲಿಲ್ಲ. ಅಪ್ಪನನ್ನೂ ಕಮ್ಮಾರನನ್ನೂ ಹೊರಡಿಸಿಕೊಂಡು ಬಂಗಾರಪೇಟೆಗೆ ನಡೆದು ಬಸ್ಸಿನ ಯಜಮಾನರ ಮನೆ ಮುಂದೆ ನಿಂತಳು. ನನ್ನನ್ನೂ ಎಳೆದುಕೊಂಡು ಹೋಗಿದ್ದಳು. ಯಜಮಾನರು ಆಗಷ್ಟೇ ಪೂಜೆ ಮುಗಿಸಿ ಹೊರಗೆ ಬಂದಿದ್ದರು.

‘ಹನ್ನೊಂದು ಮನೆಗೆಲ್ಲ ಬಸ್ಸು ನಿಲ್ಲಿಸಿದರೆ, ನಾಳೆ ದಾರೀಲಿರೋ ಹುಣಸೆಮರಕ್ಕೂ ನಿಲ್ಲಿಸಬೇಕಾಗುತ್ತೆ’ ಅಂದರು.

ಗಂಡಸರಿಬ್ಬರೂ ನೆಲ ನೋಡಿದರು. ಅಮ್ಮ ಕೇಳಿದಳು: ‘ಉಣಸೆಮರ ಬಸ್ಸು ಅತ್ತಲ್ಲ ಸ್ವಾಮಿ, ನಾವು ಅತ್ತೀವಿ. ಎಷ್ಟು ದಿನ ಅತ್ತಿದ್ರೆ ನಿಲ್ಲಿಸ್ತೀರಾ ಏಳಿ.’

ಯಜಮಾನರಿಗೆ ನಗು ಬಂತು. ‘ಒಂದು ಮಂಡಲ. ನಲವತ್ತೆಂಟು ದಿನ ನಿಲ್ಲಿಸೋಕೆ ಹೇಳ್ತೀನಿ. ದಿನಾ ಒಬ್ಬರಾದರೂ ಹತ್ತಲಿ, ಆಮೇಲೆ ಕಾಯಂ ನಿಲ್ಲಿಸ್ತೀನಿ. ಒಂದು ದಿನ ತಪ್ಪಿದರೂ ಆಮೇಲೆ ಈ ಕಡೆ ಬರಬೇಡಿ.’

ಅವರು ತಮಾಷೆಗೆ ಅಂದರೋ ಏನೋ. ಅಮ್ಮ ಅದನ್ನು ವ್ರತ ಹಿಡಿದಂತೆ ಹಿಡಿದಳು. ಅವತ್ತು ಸಂಜೆಯೇ ಹನ್ನೊಂದು ಬಾಗಿಲಿಗೂ ಹೋಗಿ ಸರದಿ ಗೊತ್ತುಮಾಡಿದಳು. ಇವತ್ತು ಈ ಮನೆ, ನಾಳೆ ಆ ಮನೆ. ಪೇಟೆಯಲ್ಲಿ ಕೆಲಸ ಇರಲಿ ಬಿಡಲಿ, ಎಂಟು ಗಂಟೆಗೆ ಒಬ್ಬರು ಹತ್ತಲೇಬೇಕು.

ಕೆಲಸ ಯಾರಿಗೂ ಇರಲಿಲ್ಲ, ಅದೇ ನಗೆಪಾಟಲು. ಕಮ್ಮಾರ ತನ್ನ ಸರದಿ ಬಂದಾಗಲೆಲ್ಲ ಅದೇ ಒಂದು ಮುರುಕು ಬೋಲ್ಟು ಹಿಡಿದುಕೊಂಡು ಹತ್ತಿ, ಅದನ್ನೇ ವಾಪಸ್ಸು ತರುತ್ತಿದ್ದ. ಮುದ್ದೆ ಮಾರುವವಳಿಗೆ ಬಸ್ಸಿನ ವಾಸನೆಗೇ ವಾಂತಿ. ಆದರೂ ಮುಂದಿನ ಸರದಿಗೆ ಮುಷ್ಟಿಯಲ್ಲಿ ನಿಂಬೆಹಣ್ಣು ಹಿಡಿದು, ದೇವರನ್ನೂ ನಮ್ಮಮ್ಮನನ್ನೂ ಒಟ್ಟಿಗೆ ಬೈಯುತ್ತಾ ಹತ್ತಿದಳು. ಟೀ ಅಂಗಡಿಯವನು ಮುಂದಿನ ಊರಲ್ಲೇ ಇಳಿದು ನಡೆದು ಬಂದುಬಿಡುತ್ತಿದ್ದ. ಕಂಡಕ್ಟರು ಮೈನ್ಸ್‌ನ ಕೂಲಿಮನೆಗಳ ಲೈನಿನ ತಮಿಳಿನವನು, ಕಡ್ಡಿಯಂಥ ಮನುಷ್ಯ, ಬಾಯಿ ಮಾತ್ರ ಜೋರು. ‘ಸೀಕ್ರಂ ಏರುಮ್ಮಾ’ ಎಂದು ಅವಸರ ಮಾಡಿ, ಹತ್ತಿದ ಮೇಲೆ ‘ಇವತ್ತು ಏನು ರಾಜಕಾರ್ಯ?’ ಎಂದು ಕನ್ನಡದಲ್ಲಿ ಚುಚ್ಚುತ್ತಿದ್ದ.

ಹತ್ತದೆ ಉಳಿದವಳು ಅಜ್ಜಿ ಒಬ್ಬಳೇ. ‘ಕಾಲಿಗೆ ಲಾಳ ಇಲ್ಲ, ಮೂಗಿಗೆ ಮೂಗುದಾರ ಇಲ್ಲ, ಅದನ್ನ ಎಂಗೆ ನಂಬಾದು? ನಾನು ಓಗಲ್ಲ ಕಣ್ರೇ’ ಅನ್ನುತ್ತಿದ್ದಳು. ಆದರೆ ಬೆಳಿಗ್ಗೆ ಎಲ್ಲರಿಗಿಂತ ಮುಂಚೆ ರಸ್ತೆ ಪಕ್ಕ ಬಂದು ಕೂತು, ಸರದಿಯವರು ಹತ್ತಿದ್ದನ್ನು ಕಣ್ಣಾರೆ ನೋಡಿಯೇ ಒಳಗೆ ಹೋಗುತ್ತಿದ್ದಳು.

ನಲವತ್ತೆರಡು ದಿನ ಹೀಗೆ ನಡೆಯಿತು. ನಲವತ್ತಮೂರನೆಯ ದಿನ ನಮ್ಮ ಮನೆಯ ಸರದಿ. ಅವತ್ತು ಬೆಳಕು ಹರಿಯುವಾಗ ಅಮ್ಮ ಅಜ್ಜಿಯನ್ನು ಎಬ್ಬಿಸಲು ಹೋದರೆ ಮೈ ತಣ್ಣಗಾಗಿತ್ತು.

ನಮ್ಮಲ್ಲಿ ಒಂದು ಕಟ್ಟಳೆ. ಹೆಣ ಊರಲ್ಲಿರುವ ತನಕ ಯಾವ ಮನೆಯ ಒಲೆಯೂ ಉರಿಯಬಾರದು, ಯಾರೂ ಊರು ಬಿಟ್ಟು ಹೋಗಬಾರದು. ಸಾವಿನ ಸುದ್ದಿ ಹೇಳುವವರು ಮಾತ್ರ ಹೋಗಬಹುದು. ಅವರು ಗಂಡಸರಾಗಿರಬೇಕು, ನಡೆದೇ ಹೋಗಬೇಕು, ಯಾರ ಮನೆಯಲ್ಲೂ ಕೂರಬಾರದು. ಪಕ್ಕದ ಹಳ್ಳಿಯಲ್ಲಿದ್ದ ದೊಡ್ಡಪ್ಪ, ಅಜ್ಜಿಯ ಹಿರೀಮಗ, ಸುದ್ದಿ ಮುಟ್ಟಿದ ಕೂಡಲೇ ಬಂದವನು ಎಲ್ಲವನ್ನೂ ಕೈಗೆ ತೆಗೆದುಕೊಂಡ. ಬಂಗಾರಪೇಟೆಯಲ್ಲಿದ್ದ ಸೋದರತ್ತೆಗೆ, ಅಜ್ಜಿಯ ಒಬ್ಬಳೇ ಮಗಳಿಗೆ, ಸುದ್ದಿ ಹೇಳಲು ಕಮ್ಮಾರನನ್ನು ನಡೆದು ಹೋಗು ಅಂದ.

ಭಾವನ ಎದುರು ಯಾವತ್ತೂ ತಲೆಯೆತ್ತಿ ಮಾತಾಡದ ಅಮ್ಮ ಹೆಣದ ಪಕ್ಕದಿಂದ ಎದ್ದಳು. ‘ಭಾವ, ಸುದ್ದಿ ಏಳಾಕೆ ಇವಳು ಓಗ್ಲಿ. ಬಸ್ಸಲ್ಲಿ’ ಎಂದು ನನ್ನನ್ನು ತೋರಿಸಿದಳು.

‘ಎಣ್ಣು ಮಗ? ಸಾವಿನ ಮನೇಲಿಂದ? ತಲೆ ಕೆಟ್ಟೈತಾ?’

‘ನಡೆದೋದ್ರೆ ಮಗಳು ಅವ್ವನ ಮಕ ನೋಡೋವಷ್ಟ್ರಲ್ಲಿ ಸಂಜೆ ಆಯ್ತದೆ.’

ದೊಡ್ಡಪ್ಪ ದಡ್ಡನಲ್ಲ. ‘ನೇರವಾಗಿ ಏಳು. ನಮ್ಮವ್ವ ಸತ್ತಿದ್ದಕ್ಕಿಂತ ನಿಂಗೆ ಆ ಬಸ್ಸು ದೊಡ್ಡದಾಯ್ತಾ?’

ಅಂಗಳದಲ್ಲಿ ಸೇರಿದ್ದವರೆಲ್ಲ ಅಮ್ಮನ ಕಡೆ ತಿರುಗಿದರು. ಅಮ್ಮ ಇಲ್ಲ ಅಂದಿದ್ದರೆ ಸಾಕಿತ್ತು, ಸುಳ್ಳಾದರೂ ನಡೆಯುತ್ತಿತ್ತು.

‘ಇವತ್ತಿಗೆ ಔದು’ ಅಂದಳು.

ನನಗೆ ಅಮ್ಮನ ಮೇಲೆ ಅಷ್ಟು ಸಿಟ್ಟು ಅದಕ್ಕೆ ಮುಂಚೆಯೂ ಬಂದಿರಲಿಲ್ಲ, ಆಮೇಲೂ ಬಂದಿಲ್ಲ. ನಾನು ಅಜ್ಜಿಯ ಮಗ್ಗುಲಲ್ಲಿ ಮಲಗಿ ಬೆಳೆದವಳು. ಅವಳ ಕಾಲು ಹಿಡಿದು ಕೂರಬೇಕಾದವಳು ಬಸ್ಸು ಹತ್ತಬೇಕಂತೆ. ನನಗೆ ಹೈಸ್ಕೂಲೂ ಬೇಡ, ಏನೂ ಬೇಡ ಎಂದು ಅತ್ತುಬಿಟ್ಟೆ. ಅಮ್ಮನ ಕಣ್ಣಲ್ಲಿ ಒಂದು ಹನಿ ಇರಲಿಲ್ಲ. ರಟ್ಟೆ ಹಿಡಿದು ರಸ್ತೆಗೆ ಎಳೆದುಕೊಂಡು ಹೋದಳು. ಅಪ್ಪ ಹಿಂದೆಯೇ ಬಂದು ‘ಓಗು ಮಗ, ಅತ್ತೆನ ಕರ್ಕೊಂಡು ಬಾ’ ಎಂದಷ್ಟೇ ಅಂದ. ಬಸ್ಸು ಬಂತು, ಹತ್ತಿದೆ.

ಸಾವಿನ ಮೈಲಿಗೆ ಯಾರಿಗೂ ತಾಗಬಾರದೆಂದು ಬಾಗಿಲ ಪಕ್ಕದ ಕಂಬಿ ಹಿಡಿದು ಮುದುಡಿ ನಿಂತೆ. ಒಬ್ಬ ಹೆಂಗಸು ‘ಬಾ ಕೂತ್ಕೊ’ ಎಂದು ಜಾಗ ಬಿಟ್ಟಳು. ನಾನು ಬೇಡವೆಂದು ತಲೆಯಾಡಿಸಿದೆ. ಕಂಡಕ್ಟರು ‘ಇವತ್ತು ಏನು ರಾಜ...’ ಎಂದವನು ನನ್ನ ಮುಖ ನೋಡಿ ನಿಲ್ಲಿಸಿದ.

‘ನಮ್ಮಜ್ಜಿ ತೀರೋದ್ರು’ ಅಂದೆ.

‘ಯಾರು, ದಿನಾ ರಸ್ತೇಲಿ ಕೂತಿರ್ತಾರಲ್ಲ, ಲಾಳದಜ್ಜಿನಾ?’

ಹೌದೆಂದೆ. ಅವನು ಟಿಕೆಟ್ಟು ಹರಿದು ನನ್ನ ಕೈಗೇ ಕೊಟ್ಟ, ಬೆರಳು ತಾಗಿದ್ದನ್ನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ಮುಂದಿನ ಊರಲ್ಲಿ ಬಸ್ಸು ನಿಂತಾಗ ಬಾಗಿಲಿಂದ ಹೊರಗೆ ಬಾಗಿ, ತಗಡನ್ನು ಅಂಗೈಯಿಂದ ಬಡಿದು ಗಟ್ಟಿಯಾಗಿ ಕೂಗಿದ: ‘ಹನ್ನೊಂದು ಮನೆ ಲಾಳದಜ್ಜಿ ತೀರ್ಕೊಂಡ್ರು! ಮಧ್ಯಾಹ್ನದ ಬಸ್ಸು ಅಲ್ಲಿ ನಿಲ್ಲುತ್ತೆ!’ ಅರಳೀಕಟ್ಟೆಯ ಮೇಲಿದ್ದ ಮುದುಕರಿಬ್ಬರು ಎದ್ದು ನಿಂತದ್ದು ನನಗೆ ಕಾಣಿಸಿತು. ಅದರ ಮುಂದಿನ ಊರಲ್ಲೂ ಹಾಗೇ ಕೂಗಿದ. ನಮ್ಮೂರಿನ ಹೆಸರನ್ನು ಬಸ್ಸಿನಿಂದ ಯಾರಾದರೂ ಕೂಗಿದ್ದು ಅದೇ ಮೊದಲು.

ಅತ್ತೆಯ ಮನೆ ಮುಟ್ಟಿ ಸುದ್ದಿ ಹೇಳಿದೆ. ಅತ್ತೆ ಅತ್ತ ಪರಿ ಇಲ್ಲಿ ಬರೆಯಲಾರೆ. ಅವಳನ್ನು ಕರೆದುಕೊಂಡು ಮಧ್ಯಾಹ್ನದ ಬಸ್ಸು ಹತ್ತಿದಾಗ ಅದು ಅರ್ಧ ಖಾಲಿ ಇತ್ತು. ಆ ಎರಡು ಊರುಗಳಲ್ಲಿ ತುಂಬಿಹೋಯಿತು. ಹತ್ತಿದವರೆಲ್ಲ ಮುದುಕರು, ಹಳೇ ಗಾಡಿಯವರು. ಬಾರುಕೋಲು ಹಿಡಿದು ಹಿಡಿದು ಬೆರಳು ಸೊಟ್ಟಗಾದವರು. ಒಬ್ಬ ಮುಂಡಾಸು ಬಿಚ್ಚಿ ಕಣ್ಣೊರೆಸಿಕೊಳ್ಳುತ್ತಾ ಪಕ್ಕದವನಿಗೆ ಹೇಳುತ್ತಿದ್ದ: ‘ನನ್ನ ಕೆಂದೆತ್ತು ಯಾರನ್ನೂ ಅತ್ರ ಸೇರಿಸ್ತಿರಲಿಲ್ಲ ಕಣ್ಲಾ. ಆಯಮ್ಮ ಕಿವೀಲಿ ಅದೇನು ಏಳ್ತಿದ್ಲೋ, ಮಗು ತರ ಮಲಗ್ತಿತ್ತು.’ ನಾನು ಬೆಳಿಗ್ಗೆ ಹಿಡಿದಿದ್ದ ಕಂಬಿಯನ್ನೇ ಹಿಡಿದು ನಿಂತು ಅದನ್ನೆಲ್ಲ ಕೇಳಿಸಿಕೊಂಡೆ. ಹೊಟ್ಟೆಯೊಳಗಿನ ಸಿಟ್ಟು ಎಲ್ಲಿ ಹೋಯಿತೋ ತಿಳಿಯಲಿಲ್ಲ.

‘ಹನ್ನೊಂದು ಮನೆ, ಇಳೀರಿ’ ಎಂದು ಕಂಡಕ್ಟರು ಕೂಗಿದ. ಒಬ್ಬೊಬ್ಬರಾಗಿ ಇಳಿದರು. ಮೈನ್ಸ್‌ಗೆ ಹೋಗುವ ನಾಲ್ಕೈದು ಜನ ಬಿಟ್ಟರೆ ಬಸ್ಸು ಬರಿದಾಯಿತು. ಅಂಗಳದಲ್ಲಿ ನಿಂತಿದ್ದ ದೊಡ್ಡಪ್ಪ ಅಷ್ಟು ಜನ ನಡೆದು ಬರುವುದನ್ನು ನೋಡಿ, ಹೆಗಲ ಟವೆಲ್ಲು ತೆಗೆದು ಕೈಮುಗಿದ. ಅತ್ತೆ ಓಡಿಹೋಗಿ ಅವ್ವನ ಮುಖದ ಮೇಲೆ ಬಿದ್ದಳು.

ಕಂಡಕ್ಟರೂ ಇಳಿದು ಬಂದಿದ್ದ. ದೂರದಿಂದಲೇ ಕೈಮುಗಿದು ಅಮ್ಮನಿಗೆ ಹೇಳಿದ: ‘ಇನ್ನೈದು ದಿನ ಬಾಕಿ ಅಲ್ವಾಮ್ಮ. ಸೂತಕದಲ್ಲಿ ನೀವು ಹತ್ತೋದು ಬೇಡ. ನಾನು ಯಜಮಾನ್ರಿಗೆ ಹೇಳ್ತೀನಿ.’

‘ನೀನು ಒಳ್ಳೇವ್ನಪ್ಪ’ ಅಂದಳು ಅಮ್ಮ. ‘ಆದ್ರೂ ಐದು ದಿನಾನೂ ಅತ್ತೀವಿ. ನಾಳೆ ಸರದಿ ಕಮ್ಮಾರಣ್ಣಂದು.’

ಐದು ದಿನವೂ ಹತ್ತಿದರು. ಜೂನಿನಲ್ಲಿ ನಾನು ಹೈಸ್ಕೂಲಿಗೆ ಸೇರಿದೆ, ನನ್ನ ಹಿಂದೆ ಇನ್ನೂ ಮೂರು ಹುಡುಗಿಯರು ಹೋದರು. ಅದೆಲ್ಲ ಆಮೇಲಿನ ಮಾತು. ಆ ಮಧ್ಯಾಹ್ನ ಬಸ್ಸು ಹೊರಟು ಧೂಳು ಇಳಿಯುವ ತನಕ ಅಮ್ಮ ರಸ್ತೆಯಲ್ಲೇ ನಿಂತಿದ್ದಳು. ಆಮೇಲೆ ಒಳಗೆ ಬಂದು ಅಜ್ಜಿಯ ಕಾಲ ಬಳಿ ಕೂತಳು. ನಾನೂ ಪಕ್ಕ ಕೂತೆ. ಅಮ್ಮ ಬೆಳಿಗ್ಗೆಯಿಂದ ಬಿಗಿದು ಕಟ್ಟಿದ್ದ ಸೆರಗನ್ನು ಸೊಂಟದಿಂದ ಬಿಡಿಸಿಕೊಂಡು, ‘ಸ್ವಲ್ಪ ಸರ್ಕೊಳೇ. ಈಗ ಅಳ್ತೀನಿ. ಈಗ ನಂಗೆ ಬೇರೆ ಕೆಲ್ಸ ಇಲ್ಲ’ ಅಂದಳು.