ನನ್ನ ದೋಣಿಯನ್ನು ಕೊಯ್ದವನು

ಅವನ ಬಲ ಅಂಗೈಯ ನಡುವೆ ರೂಪಾಯಿ ನಾಣ್ಯದಷ್ಟು ಅಗಲದ ಒಂದು ಗಂಟು ಇತ್ತು. ದಪ್ಪ ಸೂಜಿಯ ಹಿಂಬದಿಯನ್ನು ವರ್ಷಗಟ್ಟಲೆ ಒತ್ತಿ ಒತ್ತಿ ಚರ್ಮ ಅಲ್ಲಿ ಕೊಂಬಿನಂತೆ ಗಟ್ಟಿಯಾಗಿತ್ತು. ಯಾರ ಜೊತೆ ಮಾತಾಡುವಾಗಲೂ ಹೆಬ್ಬೆರಳಿನಿಂದ ಆ ಗಂಟನ್ನು ಉಜ್ಜುತ್ತಿದ್ದ, ಎದುರು ನಿಂತವರ ಮುಖ ನೋಡುತ್ತಿರಲಿಲ್ಲ. ಮೊದಲ ದಿನವೇ ನನಗೆ ಅವನನ್ನು ಕಂಡರೆ ಆಗಲಿಲ್ಲ. ಅವನಿಗೂ ಅಷ್ಟೇ. ಕೊನೆಯವರೆಗೂ ಅದು ಬದಲಾಗಲಿಲ್ಲ. ನನಗಿಂತ ಹತ್ತು ಹನ್ನೆರಡು ವರ್ಷ ದೊಡ್ಡವನು, ಬಹುವಚನದಲ್ಲಿ ಬರೆಯುವುದು ಮರ್ಯಾದೆ. ಆದರೆ ಮನಸ್ಸಿನಲ್ಲಿ ಯಾವತ್ತೂ ಕೊಡದ ಮರ್ಯಾದೆಯನ್ನು ಕಾಗದದ ಮೇಲೆ ಕೊಟ್ಟರೆ ಸುಳ್ಳಾಗುತ್ತದೆ.

ಠಾಣೆಯ ಮಾಜಿವಾಡಾದಲ್ಲಿ ಲಾರಿಗಳು ಸಾಲಾಗಿ ನಿಲ್ಲುವ ಕಡೆ ಅವನ ತಾಡಪತ್ರಿ ಅಂಗಡಿ. ಲಾರಿಯ ಸರಕಿಗೆ ಹೊದಿಸುವ ದಪ್ಪ ಕ್ಯಾನ್ವಾಸನ್ನು ಹೊಲಿಯುವುದು, ತೇಪೆ ಹಾಕುವುದು, ನೀರು ಇಳಿಯದಂತೆ ಎಣ್ಣೆ ಮೇಣ ಬಳಿಯುವುದು ಅವನ ಕಸುಬು. ವಿಜಯಪುರದ ಕಡೆಯವನು. ನಾನು ನೌಪಾಡಾದಲ್ಲಿ ಅಪ್ಪನ ಕಾಲದ ಹೊಟೇಲ್ ನಡೆಸುವವನು. ಊರು ಉಡುಪಿ ಎಂದು ಹೇಳಿಕೊಂಡರೂ ಹುಟ್ಟಿ ಬೆಳೆದದ್ದು ಠಾಣೆಯಲ್ಲೇ.

ದಿನಾ ಬೆಳಿಗ್ಗೆ ನಮ್ಮಲ್ಲಿ ಕಾಫಿ ಕುಡಿಯುತ್ತಿದ್ದ ಒಬ್ಬ ಮುದುಕರು ಮಗನ ಮನೆಗೆ ಹೋಗುವ ಮುಂಚೆ ಫ್ಲ್ಯಾಟ್ ಖಾಲಿ ಮಾಡುತ್ತ ನನಗೆ ಎರಡು ಚೀಲ ಕೊಟ್ಟರು. ಒಂದರಲ್ಲಿ ಮರದ ಪಟ್ಟಿಗಳು, ಕಮಾನುಗಳು. ಇನ್ನೊಂದರಲ್ಲಿ ಮಡಚಿಟ್ಟ ಕ್ಯಾನ್ವಾಸ್. ಜೋಡಿಸಿದರೆ ಇಬ್ಬರು ಕೂರುವ ದೋಣಿ, ಬಿಚ್ಚಿದರೆ ಲೋಕಲ್ ಟ್ರೇನಿನಲ್ಲಿ ಒಯ್ಯಬಹುದಾದ ಗಂಟು. ಅವರ ಯೌವನದ ಕಾಲದ ವಿಲಾಯತಿ ಮಾಲು. ಮರ ಚೆನ್ನಾಗಿತ್ತು. ಕ್ಯಾನ್ವಾಸು ಮಾತ್ರ ಹಳೆಯ ಗೋಣಿಯಂತೆ ನೀರು ಕುಡಿಯುತ್ತಿತ್ತು. ನಮ್ಮ ಕಟ್ಟಡದ ಟೆರೇಸಿಗೆ ವಾಟರ್‌ಪ್ರೂಫಿಂಗ್ ಮಾಡಿದವನನ್ನೇ ಕರೆಸಿ, ಅದೇ ಬಿಳಿ ಕೋಟಿಂಗನ್ನು ಮೂರು ಸಲ ಹೊಡೆಸಿದೆ. ದೋಣಿ ಹೊಸದರಂತೆ ಹೊಳೆಯಿತು. ಅಂಚಿನಲ್ಲಿ ಹಗ್ಗ ಪೋಣಿಸುವ ಎರಡು ಹಿತ್ತಾಳೆ ಕಣ್ಣು ಕಿತ್ತುಬಂದಿದ್ದವು. ಅವನ್ನು ಹಾಕಿಸಲೆಂದು ಈ ತಾಡಪತ್ರಿಯವನ ಹತ್ತಿರ ಹೋದೆ.

ಅವನು ಕ್ಯಾನ್ವಾಸನ್ನು ನೆಲದ ಮೇಲೆ ಹರಡಿ ಉಗುರಿನಿಂದ ಕೆರೆದು ನೋಡಿದ.

"ಇದಕ್ಕ ಗಿಲಾವು ಮಾಡಿದವ್ರು ಯಾರ್ರಿ? ಇದು ಬಟ್ಟಿ, ಗ್ವಾಡಿ ಅಲ್ಲ."

"ಅದು ನಿಮಗೆ ಬೇಡ. ಕಣ್ಣು ಹಾಕಿ ಕೊಡಿ, ಸಾಕು," ಎಂದೆ.

ಅವನು ಕೇಳಿಸಿಕೊಳ್ಳದವನಂತೆ ಕ್ಯಾನ್ವಾಸನ್ನು ಒಮ್ಮೆ ಮಡಚಿದ. ಪಟಪಟ ಎಂದು ಹಪ್ಪಳ ಮುರಿದಂತೆ ಸದ್ದಾಯಿತು. ಬಿಡಿಸಿದಾಗ ಮಡಿಕೆಯ ಉದ್ದಕ್ಕೂ ಕೂದಲೆಳೆಯಂಥ ಸೀಳುಗಳು. ಅದರಲ್ಲಿ ಒಂದು ಮಗ್ ನೀರು ಸುರಿದು ಎತ್ತಿ ಹಿಡಿದ. ಕೆಳಗೆ ಹನಿ ಮೂಡಿತು, ಆಮೇಲೆ ಸಾಲಾಗಿ ಹನಿಗಳು.

"ಮ್ಯಾಲಿನ ಬಣ್ಣ ಸೀಳಿದ್ರ ಅದರ ಕೂಡ ನೂಲೂ ಸೀಳತಾವು. ದಂಡಿ ಮ್ಯಾಲ ಗೊತ್ತಾಗೂದಿಲ್ಲ, ನಡು ನೀರಾಗ ಗೊತ್ತಾಗತೈತಿ. ಮೂರು ತಿಂಗಳ ಬಿಡ್ರಿ ಇಲ್ಲೆ, ಸರಿ ಮಾಡಿ ಕೊಡ್ತೀನಿ."

ಕೆಲಸ ಹುಟ್ಟಿಸಿಕೊಳ್ಳುವ ಉಪಾಯ ಎಂದುಕೊಂಡೆ. ಬರುವ ಭಾನುವಾರ ಟಿಟ್ವಾಳಾದ ಆಚೆ, ಗೆಳೆಯನ ಜಾಗದ ಹತ್ತಿರ ನದಿಗೆ ಇಳಿಸುವುದಿದೆ, ಮಗಳಿಗೆ ಮಾತು ಕೊಟ್ಟಾಗಿದೆ ಎಂದೆ.

"ಮಗಳಿಗೆ ಎಷ್ಟ ವಯಸ್ಸು?"

"ಹನ್ನೊಂದು."

ಅವನು ಕಾಲ ಬಳಿ ಇದ್ದ ಕತ್ತಿ ತೆಗೆದುಕೊಂಡು, ಬಟ್ಟೆಯ ನಡುವೆ ಚುಚ್ಚಿ, ನನ್ನ ಕಣ್ಣೆದುರಿಗೇ ಒಂದು ಮೊಳ ಉದ್ದ ಸೀಳಿದ.

ನಾನು ಅವನ ಕೆನ್ನೆಗೆ ಹೊಡೆದೆ. ಬದುಕಿನಲ್ಲಿ ಬೇರೆ ಯಾರ ಮೇಲೂ ಕೈ ಎತ್ತಿದವನಲ್ಲ. ಲಾರಿಯವರು ಓಡಿಬಂದು ಸುತ್ತ ನಿಂತರು. ಅವನು ಕೈ ಎತ್ತಲಿಲ್ಲ, ಬೈಯಲೂ ಇಲ್ಲ. ಕತ್ತಿಯನ್ನು ಒರೆಸಿ ಇಟ್ಟು, "ಈಗ ಒಯ್ಯೂದಿದ್ರ ಒಯ್ರಿ," ಎಂದ.

ಎಲ್ಲವನ್ನೂ ಅಲ್ಲೇ ಬಿಟ್ಟು ಬಂದೆ. ಮನೆಯಲ್ಲಿ ಹೆಂಡತಿಯ ಮುಂದೆ ಪೊಲೀಸ್, ಕಂಪ್ಲೇಂಟ್ ಎಂದು ಕೂಗಾಡಿದೆ. ಅವಳು ಪೂರ್ತಿ ಕೇಳಿ ಒಂದೇ ಪ್ರಶ್ನೆ ಕೇಳಿದಳು: "ನೀರು ಹನಿದದ್ದು ಹೌದಾ ಅಲ್ವಾ?"

"ಹೌದು. ಹಾಗಂತ..."

ಅವಳು ಒಳಗೆ ಹೋದಳು. ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ.

ನಾಲ್ಕನೆಯ ದಿನ ಸಾಮಾನು ವಾಪಸ್ ತರಲು ಹೋದೆ. ಅವನು ಬಿಸಿನೀರು ಚಿಮುಕಿಸಿ, ಮೊಂಡು ಚೂರಿಯಿಂದ ನನ್ನ ಬಿಳಿ ಕೋಟಿಂಗನ್ನು ಕೆರೆಯುತ್ತ ಕುಳಿತಿದ್ದ. ನನ್ನನ್ನು ನೋಡಿ ಇನ್ನೊಂದು ಚೂರಿಯನ್ನು ಕಾಲಿನಿಂದ ನನ್ನ ಕಡೆ ತಳ್ಳಿದ. "ಕುಂದರ್ರಿ. ನಿಮ್ಮ ಗಿಲಾವು ನೀವ ಕೆರೀರಿ."

ಯಾಕೆ ಕುಳಿತೆನೋ ಈಗಲೂ ಸರಿಯಾಗಿ ಹೇಳಲಾರೆ. ಲಾರಿಯವರು ನೋಡುತ್ತಿದ್ದರು, ಬಿಟ್ಟು ಹೋದರೆ ಸೋತಂತೆ ಅನ್ನಿಸಿತು. ಆ ಚಳಿಗಾಲದ ಭಾನುವಾರಗಳೆಲ್ಲ ಹಾಗೇ ಹೋದವು. ಕ್ಯಾನ್ವಾಸಿನ ಆ ತುದಿಯಲ್ಲಿ ಅವನು, ಈ ತುದಿಯಲ್ಲಿ ನಾನು. ಚಹಾ ಬಂದರೆ ಅವನಿಗೆ ಒಂದೇ ಲೋಟ ಬರುತ್ತಿತ್ತು. ನಾನು ಎದ್ದು ಹೋಗಿ ನನ್ನದನ್ನು ಕುಡಿದು ಬರುತ್ತಿದ್ದೆ.

ಕೆಲಸದಲ್ಲಿ ಮಾತ್ರ ಅವನಿಗೆ ಅವಸರವಿರಲಿಲ್ಲ. ಕೆರೆದಾದ ಬಟ್ಟೆಯನ್ನು ತೊಳೆದು ನೆರಳಿನಲ್ಲಿ ಒಣಗಿಸಿದ. ತಾನೇ ಕೊಯ್ದ ಸೀಳಿಗೆ ಒಳಗೊಂದು ಹೊರಗೊಂದು ತೇಪೆಯಿಟ್ಟು, ಅಂಚು ಮಡಚಿ, ಕೈಯಲ್ಲೇ ಎರಡು ಸಾಲು ಹೊಲಿದ. ಅಗಸೆ ಎಣ್ಣೆ ಕಾಯಿಸಿ ಇಳಿಸಿ, ಅದರಲ್ಲಿ ಮೇಣ ಕರಗಿಸಿ, ಆರಿದ ಮೇಲೆ ಟರ್ಪೆಂಟೈನ್ ಬೆರೆಸಿದ. ಬಳಿಯುವ ಮುಂಚೆ ಬಟ್ಟೆಯ ಒಳಮೈಯನ್ನು ಒದ್ದೆ ಅರಿವೆಯಿಂದ ಒರೆಸಿದ. ಯಾಕೆಂದು ಕೇಳಿದ್ದಕ್ಕೆ, "ಎಣ್ಣಿ ಪೂರಾ ಒಳಗ ಹೋದ್ರ ಬಟ್ಟಿ ಕಟ್ಟಿಗಿ ಆಗತೈತಿ," ಎಂದ. ಮೊದಲ ಸಲ ನಾನು ದಪ್ಪಗೆ ಬಳಿದೆ. ಅವನು ಒರೆಸಿ ತೆಗೆದ.

"ಬಟ್ಟಿ ಎಣ್ಣಿ ಕುಡದಿರಬೇಕು, ಹೊತ್ತಕೊಂಡಿರಬಾರ್ದು."

ಒಂದು ಸಲ ಬಳಿದರೆ ಹತ್ತು ಹನ್ನೆರಡು ದಿನ ಬಿಡುವುದು. ಆಮೇಲೆ ಮಡಚುವುದು, ಬಿಚ್ಚುವುದು, ಮತ್ತೆ ಮಡಚುವುದು. ಕಿವಿಯನ್ನು ಬಟ್ಟೆಯ ಹತ್ತಿರ ತಂದು ಕೇಳುತ್ತಿದ್ದ. "ಮಡಚಿದ್ರ ಸಪ್ಪಳ ಬರಬಾರ್ದು," ಎನ್ನುತ್ತಿದ್ದ. ಸಪ್ಪಳ ಬಂದ ಜಾಗವನ್ನು ಮತ್ತೆ ಕೆರೆಯಬೇಕು.

ಒಂದು ಭಾನುವಾರ ಎಣ್ಣೆ ಒರೆಸಿದ ಅರಿವೆಗಳನ್ನು ಉಂಡೆ ಮಾಡಿ ಮೂಲೆಗೆ ಎಸೆದೆ. ಕೆಲವು ಗಂಟೆಗಳ ಮೇಲೆ ಅವನು ಎದ್ದು ಬಂದು ಉಂಡೆಯನ್ನು ಬಿಚ್ಚಿ ನನ್ನ ಕೈಯನ್ನು ಅದರ ನಡುವೆ ಒತ್ತಿದ. ಬಿಸಿಯಾಗತೊಡಗಿತ್ತು. ಈ ಎಣ್ಣೆಯ ಅರಿವೆ ಮುದ್ದೆಯಾಗಿ ಬಿದ್ದರೆ ತಾನಾಗಿ ಬೆಂಕಿ ಹತ್ತುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ಎಲ್ಲವನ್ನೂ ಬಕೆಟ್ ನೀರಿಗೆ ಹಾಕುತ್ತ, ಎಲ್ಲರಿಗೂ ಕೇಳುವಂತೆ, "ಹೊಟೇಲ್ ಸಾಹೇಬ್ರು. ಎಣ್ಣಿ ಅಂದ್ರ ವಡಾ ಕರಿಯೂದು ಅಷ್ಟ ಗೊತ್ತು," ಎಂದ. ಲಾರಿಯವರು ನಕ್ಕರು. ಆ ದಿನ ಅವನನ್ನು ಇನ್ನೊಮ್ಮೆ ಹೊಡೆಯಬೇಕೆನ್ನಿಸಿತು.

ಶಿವರಾತ್ರಿ ಕಳೆದ ಮೇಲೆ ದೋಣಿ ತಯಾರಾಯಿತು. ಮಾಸಲು ಕಂದು ಬಣ್ಣ, ಯಾವ ಹೊಳಪೂ ಇಲ್ಲ. ನದಿಗೆ ಇಳಿಸುವ ದಿನ ಯಾವುದೆಂದು ಕೇಳಿದ. ಭಾನುವಾರ ಎಂದೆ. ಕರೆಯಲಿಲ್ಲ. ಆದರೆ ನಾವು ಅಲ್ಲಿಗೆ ತಲುಪಿದಾಗ ಅವನು ದಂಡೆಯ ಮೇಲೆ ಕುಳಿತಿದ್ದ. ಟಿಟ್ವಾಳಾದ ಒಂದು ಚಾಳಿನಲ್ಲಿ ಅವನ ಮನೆ ಎಂದು ಆಗಲೇ ನನಗೆ ಗೊತ್ತಾದದ್ದು.

ದೋಣಿ ಜೋಡಿಸಿದೆವು. ಮಗಳು ಲೈಫ್ ಜಾಕೆಟ್ ತೊಟ್ಟು ಹತ್ತಲು ಹೊರಟಳು. ಅವನು ಅಡ್ಡ ಬಂದ.

"ಮೊದಲ ನಾ ಕುಂದರ್ತೀನಿ."

"ನಿಮ್ಮ ಕೆಲಸದ ಮೇಲೆ ನಿಮಗೇ ನಂಬಿಕೆ ಇಲ್ವಾ?" ಎಂದು ಚುಚ್ಚಿದೆ.

"ನನ್ನ ಕೆಲಸದ ಮ್ಯಾಲ ಐತಿ. ನೀವು ಕೆರದ ಬಾಜೂದ ಮ್ಯಾಲ ಇಲ್ಲ."

ದೋಣಿಗೆ ಉದ್ದದ ಹಗ್ಗ ಕಟ್ಟಿ, ಇನ್ನೊಂದು ತುದಿಯನ್ನು ನನ್ನ ಕೈಗೆ ಕೊಟ್ಟ. "ಬಿಡಬ್ಯಾಡ್ರಿ," ಎಂದ. ಒಳಗೆ ಕುಳಿತು ಎರಡೂ ಅಂಚನ್ನು ಗಟ್ಟಿಯಾಗಿ ಹಿಡಿದುಕೊಂಡ. ನಾನು ತಳ್ಳಿದೆ. ಹಗ್ಗ ಮುಗಿಯುವಷ್ಟು ದೂರ ಹೋಗಿ ದೋಣಿ ನಿಂತಿತು. ಅವನು ಅರ್ಧ ಗಂಟೆ ಅಲುಗಾಡದೆ, ಕಾಲ ಬಳಿಯ ಬಟ್ಟೆಯನ್ನೇ ನೋಡುತ್ತ ಕುಳಿತ. ಎಂಥ ಜಂಭ ಎಂದುಕೊಂಡೆ. ದೊಡ್ಡವರ ಜಾಕೆಟ್ ಒಂದು, ನನ್ನದು, ಮರದ ಕೆಳಗೆ ಬಿದ್ದಿತ್ತು. ಕೊಡಬೇಕೆಂದು ನನಗೆ ತೋಚಲಿಲ್ಲ.

ಎಳೆದು ತಂದಾಗ ಒಳಗೆ ಒಂದು ಹನಿ ನೀರಿರಲಿಲ್ಲ. ಅವನು ಇಳಿದು ಮಗಳಿಗೆ, "ನಡುವ ಕುಂದರು, ಎದ್ದು ನಿಂದರಬ್ಯಾಡ," ಎಂದ.

"ಠೀಕ್ ಹೈ, ಕಾಕಾ," ಎಂದಳು ಅವಳು.

ನಾವು ತಿರುಗಿ ಬರುವಷ್ಟರಲ್ಲಿ ಅವನು ಹೊರಟುಹೋಗಿದ್ದ.

ಮರುವಾರ ಒಂದು ಡಬ್ಬಿ ಮೈಸೂರುಪಾಕ್ ಹಿಡಿದು ಅಂಗಡಿಗೆ ಹೋದೆ. ಬಾಗಿಲಲ್ಲೇ ನಿಂತು, "ಅವತ್ತು ನಾನು ಕೈ..." ಎಂದು ಶುರು ಮಾಡಿದೆ.

"ಬಟ್ಟಿ ಮ್ಯಾಲ ನಿಂತೀರಿ. ಸರೀರಿ," ಎಂದ ತಲೆ ಎತ್ತದೆ.

ಸರಿದೆ. ಮಾತು ಅಲ್ಲಿಗೇ ನಿಂತಿತು. ಡಬ್ಬಿಯನ್ನು ಕಟ್ಟೆಯ ಮೇಲಿಟ್ಟು ಬಂದೆ. ಕ್ಷಮೆ ಕೇಳಲೂ ಬಿಡದವನ ಹತ್ತಿರ ಇನ್ನು ಯಾಕೆ ಹೋಗಬೇಕು ಎಂದು ಆಮೇಲೆ ಆ ಕಡೆ ತಲೆ ಹಾಕಲಿಲ್ಲ.

ಆ ಮಳೆಗಾಲ ಮುಗಿಯುವಾಗ ಹೈವೇಯಲ್ಲಿ ಹೋಗುತ್ತ ಅವನ ಅಂಗಡಿಯ ಶಟರ್ ಮುಚ್ಚಿದ್ದು ಕಂಡು ಗಾಡಿ ನಿಲ್ಲಿಸಿದೆ. ಪಕ್ಕದ ಪಂಕ್ಚರ್ ಅಂಗಡಿಯವನು ಹೇಳಿದ: ಜ್ವರ ಎಂದು ಆಸ್ಪತ್ರೆಗೆ ಹೋದವನು ವಾಪಸ್ ಬರಲಿಲ್ಲ, ತೀರಿಕೊಂಡು ಇಪ್ಪತ್ತು ದಿನವಾಯಿತು.

ಟಿಟ್ವಾಳಾದ ಮನೆಯನ್ನು ಕೇಳಿಕೊಂಡು ಹೋದೆ. ಅವನ ಹೆಂಡತಿ ಬಾಗಿಲಿಗೆ ಬಂದಳು. ನಾನು ಯಾರೆಂದು ಹೇಳದೆ, ನಿಮ್ಮ ಯಜಮಾನರು ನನಗೊಂದು ದೋಣಿ ಸರಿ ಮಾಡಿಕೊಟ್ಟಿದ್ದರು ಎಂದೆ. ಅವರಂಥ ಕೆಲಸಗಾರರಿಲ್ಲ, ನದಿಗೆ ಇಳಿಸಿದ ದಿನ ಮೊದಲು ಅವರೇ ಕುಳಿತು ಅರ್ಧ ಗಂಟೆ ನೋಡಿದರು, ಆಮೇಲೇ ನನ್ನ ಮಗಳನ್ನು ಕೂರಿಸಿದರು ಎಂದೆ.

ಆಕೆ ನನ್ನನ್ನು ದಿಟ್ಟಿಸಿದಳು.

"ನದ್ಯಾಗ ಕುಂತಿದ್ರಾ? ಅವರಿಗೆ ಈಸಾಕ ಬರ್ತಿದ್ದಿಲ್ಲಲ್ರಿ. ಮೊಣಕಾಲ ನೀರಿಗೂ ಹೆದರ್ತಿದ್ರು."

ಆಕೆ ಒಂದು ಹೆಜ್ಜೆ ಮುಂದೆ ಬಂದಳು.

"ಹಂಗಾದ್ರ ದೋಣಿ ಸಲುವಾಗಿ ಮಂದಿ ಮುಂದ ಅವರಿಗೆ ಹೊಡದವ್ರು ನೀವ ಏನು?"

"ಹೌದು," ಎಂದೆ.

ಆಕೆ ಒಳಗೆ ಬನ್ನಿ ಎನ್ನಲಿಲ್ಲ, ಬಾಗಿಲನ್ನೂ ಹಾಕಲಿಲ್ಲ. ನಾನು ಚಪ್ಪಲಿ ಬಿಚ್ಚಿ ಆ ಹೊಸ್ತಿಲ ಹೊರಗೆ ತುಂಬ ಹೊತ್ತು ನಿಂತಿದ್ದೆ.