ಖಾಲಿ ಗೋದಲಿ

ಸಕ್ಕರೆ ಸೀದು ಕಪ್ಪಾಗುವ ವಾಸನೆ ಮೂಗಿಗೆ ಬಡಿದರೆ ನನಗೆ ಇವತ್ತಿಗೂ ಮೊದಲು ಬರುವುದು ಭಯ, ಆಮೇಲೆ ಹಸಿವು. ಡಿಸೆಂಬರಿನಲ್ಲಿ ಜಯನಗರ ನಾಲ್ಕನೇ ಬ್ಲಾಕಿನ ಬೇಕರಿಗಳ ಮುಂದೆ ಹಾದುಹೋಗುವಾಗ ಆ ವಾಸನೆ ಬರುತ್ತದೆ, ಕಾಲು ತಾನಾಗಿ ನಿಧಾನವಾಗುತ್ತದೆ. ಪ್ಲಮ್ ಕೇಕಿಗೆ ಆ ಕಪ್ಪು ಬಣ್ಣ ಬರಬೇಕಾದರೆ ಸಕ್ಕರೆಯನ್ನು ಬಾಣಲೆಯಲ್ಲಿ ಸುಡಬೇಕು; ಇನ್ನೇನು ಹಾಳಾಯಿತು ಅನ್ನುವ ಗಳಿಗೆಯಲ್ಲಿ ಬಿಸಿನೀರು ಸುರಿಯಬೇಕು. ತಿಲಕ್ ನಗರದ ನಮ್ಮ ಮನೆಯಲ್ಲಿ ಆ ಕೆಲಸ ತಾತನದು. ನೀರು ಬಿದ್ದೊಡನೆ ಬಾಣಲೆ ಬುಸುಗುಟ್ಟಿ ಸಿಡಿಯುತ್ತಿತ್ತು, ತಾತನ ಮುಂಗೈ ಮೇಲೆ ಬೊಬ್ಬೆಗಳು ಏಳುತ್ತಿದ್ದವು, ಆದರೆ ಅವನು ಕೈ ಹಿಂದೆ ತೆಗೆಯುತ್ತಿರಲಿಲ್ಲ. ಬಾಣಲೆಯನ್ನು ಮನುಷ್ಯನನ್ನು ಬೈದ ಹಾಗೆ ಬೈಯುತ್ತಿದ್ದ. ಅಡುಗೆಮನೆಯ ಬಾಗಿಲಲ್ಲಿ ಅಜ್ಜಿಯ ಸೆರಗು ಹಿಡಿದು ನಿಂತು ನಾನು ಅದನ್ನು ನೋಡುತ್ತಿದ್ದೆ.

ತಾತನ ಹೆಸರು ಇನ್ನಾಸಪ್ಪ. ಬೇಗೂರಿನ ಹಳೇ ಕ್ರೈಸ್ತ ಮನೆತನ ನಮ್ಮದು. ಅಲ್ಲಿನ ಬಂಡೆಗಳಲ್ಲಿ ಕಲ್ಲು ಒಡೆಯುತ್ತಿದ್ದವನು, ಇದ್ದ ಚೂರು ಹೊಲ ಲೇಔಟಿಗೆ ಹೋದ ಮೇಲೆ ಬಂದ ಹಣದಲ್ಲಿ ತಿಲಕ್ ನಗರದ ಓಣಿಯೊಂದರಲ್ಲಿ ತಾನೇ ಸೀಳಿದ ಚಪ್ಪಡಿಗಳಿಂದ ಮನೆ ಕಟ್ಟಿದ್ದ. ಸುತ್ತಿಗೆ ಬಿಟ್ಟರೂ ಸುತ್ತಿಗೆಯ ಕೈ ಅವನನ್ನು ಬಿಟ್ಟಿರಲಿಲ್ಲ. ಸಾರಿಗೆ ಉಪ್ಪು ಹೆಚ್ಚಾದರೆ ತಟ್ಟೆ ಗೋಡೆಗೆ ಹೋಗುತ್ತಿತ್ತು. ನಮ್ಮ ನಡುಮನೆಯ ಗೋಡೆಯ ಮೇಲೆ ಅಷ್ಟೊಂದು ಸಂತರ ಪಟಗಳು ಏಕೆ, ಅದೂ ಅಡ್ಡಾದಿಡ್ಡಿಯಾಗಿ, ಎನ್ನುವುದು ನನಗೆ ಬಹಳ ದಿನ ತಿಳಿದಿರಲಿಲ್ಲ. ಸುಣ್ಣ ಹೊಡೆಯಲು ಪಟ ಇಳಿಸಿದಾಗ ನೋಡಿದರೆ ಒಬ್ಬೊಬ್ಬ ಸಂತನ ಹಿಂದೆಯೂ ಒಂದೊಂದು ಸಾರಿನ ಕಲೆ. ಅಜ್ಜಿಯ ಭಕ್ತಿಯ ಗುಟ್ಟು ಅದು. ಹಬ್ಬದ ಹುಂಜವನ್ನು ತಾತ ಕತ್ತಿಯಿಂದ ಕೊಯ್ಯುತ್ತಿರಲಿಲ್ಲ, ಬರಿಗೈಯಲ್ಲಿ ಕತ್ತು ತಿರುವುತ್ತಿದ್ದ. ಆಮೇಲೆ ಅದೇ ಕೈಯನ್ನು ನನ್ನ ತಲೆಯ ಮೇಲಿಟ್ಟು ಜಪ ಹೇಳಿಸುತ್ತಿದ್ದ.

ಅವನು ದಾನ ಮಾಡುವುದೂ ಹೊಡೆದ ಹಾಗೇ ಇರುತ್ತಿತ್ತು. ಕ್ರಿಸ್ಮಸ್ಸಿನ ಹಿಂದಿನ ವಾರ ದೊಡ್ಡಾಸ್ಪತ್ರೆಯ ಗೇಟಿನ ಹೊರಗೆ ರೋಗಿಗಳ ಕಡೆಯವರು ಮಲಗಿರುತ್ತಿದ್ದರಲ್ಲ, ಅವರಲ್ಲಿ ಯಾರನ್ನಾದರೂ ರಟ್ಟೆ ಹಿಡಿದು ಎಳೆದುಕೊಂಡು ಬಂದು ನಮ್ಮ ಜಗಲಿಯ ಮೇಲೆ ಕೂರಿಸಿ, "ತಿನ್ನು" ಎಂದು ಗದರುತ್ತಿದ್ದ. ಆ ಬಡಪಾಯಿಗಳು ಅರ್ಧ ಹಸಿವಿನಿಂದ, ಅರ್ಧ ಹೆದರಿಕೆಯಿಂದ ತಿನ್ನುತ್ತಿದ್ದರು. ಅಜ್ಜಿಯ ರೀತಿ ಬೇರೆ. ಕಲ್‌ಕಲ್, ಕರ್ಜಿಕಾಯಿ, ರೋಸ್ ಕುಕ್ಕೀಸ್ ಜೋಡಿಸಿದ ಸ್ಟೀಲ್ ತಟ್ಟೆಗಳ ಮೇಲೆ ಕ್ರೋಷಾ ಬಟ್ಟೆ ಮುಚ್ಚಿ ಓಣಿಯ ಮನೆಮನೆಗೂ ಕಳಿಸುತ್ತಿದ್ದಳು. ಯಾರೂ ತಟ್ಟೆಯನ್ನು ಖಾಲಿ ವಾಪಸ್ ಕೊಡುತ್ತಿರಲಿಲ್ಲ. ಅದು ಓಣಿಯ ಪದ್ಧತಿ. ಎದುರು ಮನೆಯ ಮೆಹರ್ ಆಂಟಿಯವರ ತಟ್ಟೆಯಲ್ಲಿ ಯಾವಾಗಲೂ ಒಂದು ಹಿಡಿ ಸಕ್ಕರೆ ಇರುತ್ತಿತ್ತು. ಅವರಿಗೆ ಗಂಡ ಇರಲಿಲ್ಲ, ಹೊಲಿಗೆ ಮೆಷೀನು ತುಳಿದು ಒಬ್ಬನೇ ಮಗ ನಯಾಜನನ್ನು ಸಾಕುತ್ತಿದ್ದರು.

ನನಗಿಂತ ಬಹಳ ದೊಡ್ಡವನಾದ ನಯಾಜಣ್ಣ ಚಿಕ್ಕಂದಿನಲ್ಲಿ ಡಿಸೆಂಬರ್ ಪೂರ್ತಿ ನಮ್ಮ ಮನೆಯಲ್ಲೇ ಬೆಳೆದವನು ಎನ್ನುತ್ತಿದ್ದಳು ಅಜ್ಜಿ. ಕಾರಣ, ಯೇಸು ಹುಟ್ಟಿದ್ದರ ನೆನಪಿಗೆ ತಾತ ಗೊಂಬೆಗಳನ್ನಿಟ್ಟು ಕಟ್ಟುತ್ತಿದ್ದ ಕೊಟ್ಟಿಗೆ. ಹಬ್ಬಕ್ಕೆ ಎರಡು ವಾರ ಇರುವಾಗ ತಟ್ಟೆಗಳಲ್ಲಿ ಒದ್ದೆ ಮಣ್ಣು ಹರಡಿ ರಾಗಿ ಚೆಲ್ಲಿದರೆ, ಹೊತ್ತಿಗೆ ಸರಿಯಾಗಿ ಅದು ಹಸಿರು ಹುಲ್ಲಾಗುತ್ತಿತ್ತು. ಅದರ ನಡುವೆ ಕೊಟ್ಟಿಗೆ, ದನ, ಕುರುಬರು, ಮರಿಯಮ್ಮ, ಜೋಸೆಫಪ್ಪ. ಮಧ್ಯದಲ್ಲಿ ಹುಲ್ಲು ಹಾಸಿದ ಪುಟ್ಟ ಮೇವಿನ ತೊಟ್ಟಿ, ಗೋದಲಿ, ಅದು ಮಾತ್ರ ಖಾಲಿ. ಬಾಲ ಯೇಸು ತಾತನ ಟ್ರಂಕಿನಲ್ಲಿ ಕರ್ಚೀಫಿನೊಳಗೆ ಮಲಗಿರುತ್ತಿದ್ದ. ಹಬ್ಬದ ಹಿಂದಿನ ಸಂಜೆ ಗೋದಲಿಗೆ ಬರುತ್ತಿದ್ದ. ಒಂದು ಸಲ ನಯಾಜಣ್ಣ ಆತುರಪಟ್ಟು ಮೊದಲೇ ಇಡಲು ಹೋಗಿ ತಾತನಿಂದ ಬೆನ್ನ ಮೇಲೆ ಬಲವಾದ ಏಟು ತಿಂದಿದ್ದನಂತೆ. "ಹುಟ್ಟೋಕ್ ಮುಂಚೆ ಮಲಗಿಸ್ತೀಯೇನೋ? ಕಾಯೋದ್ ಕಲ್ತ್ಕೋ" ಎಂದಿದ್ದನಂತೆ ತಾತ. ನಮ್ಮ ಮನೆಯಲ್ಲಿ ಆ ಮಾತನ್ನು ನಗುನಗುತ್ತಾ ಹೇಳಿಕೊಳ್ಳುತ್ತಿದ್ದೆವು.

ನನಗೆ ಬುದ್ಧಿ ತಿಳಿಯುವ ಹೊತ್ತಿಗೆ ಜಯನಗರದ ಕಡೆ ದೊಡ್ಡ ದೊಡ್ಡ ಷೋರೂಮುಗಳು ಎದ್ದಿದ್ದವು. ಒಳಗೆ ಹತ್ತಿಯ ಹಿಮ, ಹೊರಗೆ ಕೆಂಪು ಕೋಟಿನ ಕ್ರಿಸ್ಮಸ್ ತಾತ, ಎಲ್ಲೆಲ್ಲೂ ಸೇಲು. ಟೀವಿಯಲ್ಲಿ ಆ ಜಾಹೀರಾತು ಬಂದರೆ ನಮ್ಮ ತಾತನ ಚಪ್ಪಲಿ ಟೀವಿಗೆ ಹೋಗುತ್ತಿತ್ತು. "ನಮ್ಮ ಹಬ್ಬ ಕದ್ದು ನಮಗೇ ಮಾರ್ತಾವ್ರೆ" ಎನ್ನುತ್ತಿದ್ದ. ನನ್ನ ಅಪ್ಪ ಒಂದು ವರ್ಷ ನನಗೆಂದು ಪ್ಲಾಸ್ಟಿಕ್ ಕ್ರಿಸ್ಮಸ್ ಮರ ತಂದ. ತಾತ ಅದನ್ನು ಕಾಲಲ್ಲಿ ತುಳಿದು ಮುರಿದ; ತಡೆಯಲು ಬಂದ ಅಪ್ಪನ ತುಟಿ ಒಡೆಯುವಂತೆ ಹೊಡೆದ. ಮಗುವಿನ ತಂದೆಯಾದ ಗಂಡಸು ಮಗುವಿನ ಮುಂದೆ ಏಟು ತಿಂದು, ರಕ್ತ ಒರೆಸಿಕೊಂಡು, ಚಪ್ಪಲಿ ಮೆಟ್ಟಿ ಹೊರಗೆ ಹೋದ. ಅಜ್ಜಿ ನೆಲದ ಮೇಲಿನ ಹಸಿರು ಪ್ಲಾಸ್ಟಿಕ್ ಎಲೆಗಳನ್ನು ಗುಡಿಸುತ್ತಾ, "ಹುಟ್ಟೋ ಕೂಸಿಗೇ ಇಲ್ಲದ ಸಿಟ್ಟು ನಿಮಗ್ಯಾಕೆ?" ಎಂದು ಕೇಳಿದಳು.

ನನಗೆ ಒಂಬತ್ತು ವರ್ಷವಾಗಿದ್ದ ಡಿಸೆಂಬರಿನಲ್ಲಿ ತಾತ ನನ್ನನ್ನು ಕರೆದುಕೊಂಡು ನಾಲ್ಕನೇ ಬ್ಲಾಕಿಗೆ ಹೋದ. ಮನೆಯ ಮೇಲೆ ನಕ್ಷತ್ರ ಏರಿಸಲು ಒಂದು ಒಣ ಬೊಂಬು ಕೊಂಡು ಹೆಗಲ ಮೇಲಿಟ್ಟುಕೊಂಡಿದ್ದ. ದಾರಿಯಲ್ಲಿ ಹೊಸದಾಗಿ ತೆರೆದ ಬಟ್ಟೆ ಷೋರೂಮಿನ ಬಾಗಿಲಿಗೆ ಆಳೆತ್ತರದ ಕೊಟ್ಟಿಗೆ ಕಟ್ಟಿದ್ದರು. ಅದರ ಸೂರಿನ ಮೇಲೆ 'ಒಂದು ಕೊಂಡರೆ ಒಂದು ಉಚಿತ' ಎಂಬ ಫಲಕ, ಅದರ ಮೇಲೆ ಇಂಗ್ಲಿಷಿನಲ್ಲಿ ಇನ್ನೊಂದು. ಸ್ಪೀಕರಿನ ಗದ್ದಲದಲ್ಲಿ ತಾತ ಬಗ್ಗಿ, "ಅದೇನ್ ಬರ್ದವ್ರೆ, ಓದು ಮಗಾ" ಎಂದ.

"ಹ್ಯಾಪಿ ಹಾಲಿಡೇಸ್ ಅಂತ ತಾತ. ರಜಾ ಚೆನ್ನಾಗಿರಲಿ ಅಂತ."

"ಹೆತ್ತವಳ ಹೆಸರಿಲ್ಲ, ಹುಟ್ಟಿದವನ ಹೆಸರಿಲ್ಲ. ರಜಾ ಅಂತೆ."

ಆಮೇಲೆ ಅವನು ಕೊಟ್ಟಿಗೆಯ ಒಳಗೆ ನೋಡಿದ. ಮೊಳದೆತ್ತರದ ಮರಿಯಮ್ಮ ಇದ್ದಳು, ಜೋಸೆಫಪ್ಪ ಇದ್ದ, ಸುತ್ತ ಬಣ್ಣದ ಕಾಗದ ಸುತ್ತಿದ ಡಬ್ಬಗಳಿದ್ದವು. ಗೋದಲಿ ಖಾಲಿ. "ಕೂಸನ್ನೂ ಎತ್ತಿ ಬಿಸಾಕವ್ರೆ" ಎಂದ. ದನಿ ಏರಿಸಲಿಲ್ಲ, ಅದಕ್ಕೇ ನನಗೆ ಹೆಚ್ಚು ಭಯವಾಯಿತು. ಹಬ್ಬಕ್ಕೆ ಇನ್ನೂ ಒಂದು ವಾರವಿತ್ತು. ನಮ್ಮ ಮನೆಯ ಗೋದಲಿಯೂ ಆ ಗಳಿಗೆಯಲ್ಲಿ ಖಾಲಿಯೇ ಇತ್ತು, ಅದನ್ನು ಖಾಲಿ ಇಟ್ಟವನೂ ಅವನೇ. ರಸ್ತೆಯಲ್ಲಿ ಹೋಗುತ್ತಿದ್ದ ನೂರಾರು ಜನರಲ್ಲಿ ಆ ಗೋದಲಿಯಲ್ಲಿ ಏನಿಲ್ಲ ಎಂದು ಕಣ್ಣಿಗೆ ಬಿದ್ದದ್ದು ಅವನೊಬ್ಬನಿಗೆ. ಏಕಿಲ್ಲ ಎಂದು ಗೊತ್ತಿದ್ದವನೂ ಅವನೊಬ್ಬನೇ. ಸಿಟ್ಟು ಆ ಅರಿವನ್ನೇ ನುಂಗಿಹಾಕಿತ್ತು.

ಬೊಂಬಿನ ಮೊದಲ ಏಟಿಗೆ ಫಲಕ ಬಿತ್ತು. ಎರಡನೆಯದಕ್ಕೆ ಜೋಸೆಫಪ್ಪನ ಪ್ಲಾಸ್ಟರ್ ತಲೆ ಹಾರಿ ನನ್ನ ಕಾಲ ಬಳಿ ಬಂದು ನಿಂತಿತು. ಹೆಂಗಸರು ಮಕ್ಕಳನ್ನು ಎಳೆದುಕೊಂಡು ಓಡಿದರು. ಬಾಗಿಲಲ್ಲಿ ಮಿಠಾಯಿ ಹಂಚುತ್ತಿದ್ದ ಕೆಂಪು ಕೋಟಿನವನು ಎರಡೂ ಕೈ ಚಾಚಿಕೊಂಡು ನಡುವೆ ಬಂದ. ಹತ್ತಿಯ ಗಡ್ಡದೊಳಗಿಂದ ಏನೋ ಹೇಳುತ್ತಾ ಒಂದು ಕೈಯನ್ನು ಕೋಟಿನ ಜೇಬಿಗೆ ಹಾಕಿದ. ತಾತನ ಪಾಲಿಗೆ ಅವನು ಮನುಷ್ಯನೇ ಅಲ್ಲ, ಟೀವಿಯಲ್ಲಿ ನಗುತ್ತಿದ್ದ ಅದೇ ಗೊಂಬೆ. ಬೀಸಿದ. ಒಣ ಬೊಂಬು ಮುಖದ ಮೇಲೆಯೇ ಸೀಳಿತು. ಮತ್ತೆ ಬೀಸಿದ. ಸೀಳಿದ ತುದಿ ಎಲ್ಲಿಗೆ ಹೋಯಿತೆಂದು ನಾನು ನೋಡಿದೆ, ಅದನ್ನು ಬರೆಯಲಾರೆ. ಕೆಳಗೆ ಬಿದ್ದವನ ಬಿಳಿ ಗಡ್ಡ ಒಂದು ಕಡೆಯಿಂದ ಕೆಂಪಾಗುತ್ತಾ ಬಂತು. ಯಾರೋ ಓಡಿ ಬಂದು ಗಡ್ಡ ಕಿತ್ತರು. ನಯಾಜಣ್ಣ.

"ತಾತ, ನಾನು" ಎಂದ. ಜೇಬಿನಿಂದ ತೆಗೆದಿದ್ದ ಮುಷ್ಟಿಯನ್ನು ಬಿಚ್ಚಿದ. ಕರ್ಚೀಫಿನಲ್ಲಿ ಸುತ್ತಿದ ಬಾಲ ಯೇಸು. "ಹಿಂದಿನ್ ಸಂಜೆಗ್ ತಾನೇ ಇಡೋದು? ನೀವೇ ಹೇಳಿದ್ರಿ."

ಷೋರೂಮಿನವರು ಡಿಸೆಂಬರಿಗೆಂದು ಅವನನ್ನು ಕೆಲಸಕ್ಕೆ ತೆಗೆದುಕೊಂಡು, ಕೊಟ್ಟಿಗೆ ಜೋಡಿಸುವುದನ್ನೂ ಅವನಿಗೇ ವಹಿಸಿದ್ದರು. ಬೆನ್ನಿಗೆ ಬಿದ್ದ ಹಳೇ ಏಟನ್ನು ಅವನು ಪಾಠವೆಂದು ಜೋಪಾನ ಮಾಡಿಕೊಂಡಿದ್ದ. ತಾತ ಬೊಂಬು ಕೆಳಗೆ ಹಾಕಲು ಮರೆತು ಅಲ್ಲೇ ನಿಂತಿದ್ದ.

ಎಡಗಣ್ಣು ಹೋಯಿತು. ಆಸ್ಪತ್ರೆಗೆ ಬಂದ ಪೊಲೀಸರಿಗೆ ನಯಾಜಣ್ಣ, ಫಲಕ ಕಟ್ಟುವಾಗ ಸ್ಟೂಲಿನಿಂದ ಬಿದ್ದೆ ಎಂದು ಹೇಳಿದ. ಗಲಾಟೆ ಸುದ್ದಿಯಾದರೆ ವ್ಯಾಪಾರ ಕೆಡುತ್ತದೆಂದು ಅಂಗಡಿಯವರೂ ಹೌದೌದು ಎಂದರು. ಮಾರನೆಯ ದಿನವೇ ಅದೇ ಕೋಟು ಒಗೆಸಿ ಇನ್ನೊಬ್ಬನಿಗೆ ತೊಡಿಸಿ ನಿಲ್ಲಿಸಿದ್ದರಂತೆ. ಆ ಕ್ರಿಸ್ಮಸ್ಸಿಗೂ ಅಜ್ಜಿ ಎದುರು ಮನೆಗೆ ತಟ್ಟೆ ಕಳಿಸಿದಳು. ಅದು ಕ್ರೋಷಾ ಬಟ್ಟೆಯ ಮಡಿಕೆ ಕೂಡ ಕದಲದೆ, ತುಂಬಿದ ಹಾಗೇ ನಮ್ಮ ಜಗಲಿಯ ಮೇಲೆ ಬಂದು ಕೂತಿತ್ತು. ಖಾಲಿ ಬಂದಿದ್ದರೂ ಅಷ್ಟು ನೋಯುತ್ತಿರಲಿಲ್ಲ.

ತಾತ ಬದಲಾದ ಎಂದು ಹೇಳಲು ನನಗೆ ಆಸೆ. ಆದರೆ ಅವನು ಬದಲಾಗಲಿಲ್ಲ, ಸಿಟ್ಟು ಒಳಕ್ಕೆ ತಿರುಗಿತು ಅಷ್ಟೆ. ಒಂದು ಸಲ ಕಾದ ಬಾಣಲೆಯ ಅಂಚಿಗೆ ಬಲಗೈಯನ್ನು ಬೇಕೆಂದೇ ಒತ್ತಿ ಹಿಡಿದಿದ್ದ. ಚರ್ಮ ಸುಟ್ಟ ವಾಸನೆ ಸಕ್ಕರೆಯ ವಾಸನೆಯ ಜೊತೆ ಬೆರೆತು ಮನೆಯೆಲ್ಲ ತುಂಬಿತು, ಅಜ್ಜಿ ಅವನ ಮುಖಕ್ಕೆ ಹೊಡೆದು ಬಿಡಿಸಿದಳು. ಅವಳು ಕೈ ಎತ್ತಿದ್ದನ್ನು ನಾನು ಕಂಡದ್ದು ಅದೊಂದೇ ಸಲ. ಕೊಟ್ಟಿಗೆ ಕಟ್ಟುವುದನ್ನು ತಾತ ನಿಲ್ಲಿಸಲಿಲ್ಲ. ಆದರೆ ಬಾಲ ಯೇಸುವನ್ನು ಟ್ರಂಕಿನಿಂದ ತೆಗೆಯಲಿಲ್ಲ. "ಅವನು ಬಂದು ಇಡಲಿ" ಎಂದ. ಪ್ರತಿ ವರ್ಷ ಹಬ್ಬದ ಹಿಂದಿನ ಸಂಜೆ ತಟ್ಟೆ ಹಿಡಿದು ಎದುರು ಮನೆಯ ಬಾಗಿಲಲ್ಲಿ ನಿಲ್ಲುತ್ತಿದ್ದ. ಮೆಹರ್ ಆಂಟಿ ಬಾಗಿಲು ತೆಗೆಯುತ್ತಿರಲಿಲ್ಲ. ಒಮ್ಮೆ ಮಾತ್ರ ಕಿಟಕಿಯಿಂದ, "ನಿಮ್ ಸಿಟ್ಟು ಇಳೀತು ಚಾಚಾ, ಒಳ್ಳೇದು. ನನ್ ಮಗನ್ ಕಣ್ಣು ಬರಲಿಲ್ಲ" ಎಂದರು. ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬಂದೀತೇ ಎಂಬ ಗಾದೆಯನ್ನು ನಾವು ಶಾಲೆಯಲ್ಲಿ ವಿಸ್ತರಿಸಿ ಬರೆಯುತ್ತಿದ್ದೆವು. ಅದರ ಅರ್ಥ ನನಗೆ ಆ ಕಿಟಕಿಯಲ್ಲಿ ಕಂಡಿತು. ಬೇಸತ್ತು ಬಂದ ತಾತನಿಗೆ ಅಜ್ಜಿ, "ತಟ್ಟೋದು ನಮ್ ಕೆಲಸ, ತೆಗೆಯೋದು ಅವರಿಷ್ಟ" ಎಂದಳು. ನಮ್ಮ ಗೋದಲಿ ವರ್ಷ ವರ್ಷವೂ ಖಾಲಿ ಉಳಿಯಿತು, ರಾಗಿಯ ಹುಲ್ಲು ಹಳದಿಯಾಗಿ ಬಾಗುತ್ತಿತ್ತು.

ನಾನು ಕಾಲೇಜು ಸೇರಿದ ವರ್ಷ ತಾತನಿಗೆ ಲಕ್ವ ಹೊಡೆಯಿತು. ಬಲಗೈ ಸತ್ತಿತು, ಬಾಯಿ ಒಂದು ಕಡೆಗೆ ಸೊಟ್ಟಗಾಯಿತು. ಆ ಹಬ್ಬಕ್ಕೆ ಕೊಟ್ಟಿಗೆಯನ್ನು ಅವನ ಮಂಚದ ಪಕ್ಕದಲ್ಲಿ ಅಪ್ಪ ಕಟ್ಟಿದ. ತಟ್ಟೆಯನ್ನು ನಾನು ಹಿಡಿದುಕೊಂಡು ಹೋಗಿ, ಬಾಗಿಲು ತಟ್ಟಿ, ಮೆಟ್ಟಿಲ ಮೇಲೆ ಇಟ್ಟು ಬಂದೆ. ಸ್ವಲ್ಪ ಹೊತ್ತಿಗೆ ನಯಾಜಣ್ಣ ಬಂದ. ಆಗ ಅವನು ಓಣಿಯ ಕೊನೆಯಲ್ಲಿ ಮಿಕ್ಸಿ ರಿಪೇರಿ ಅಂಗಡಿ ಇಟ್ಟಿದ್ದ; ಕಪ್ಪು ಕನ್ನಡಕ. ನಮ್ಮ ಹೊಸಿಲು ದಾಟಿದ್ದು ಅಷ್ಟು ವರ್ಷಗಳಲ್ಲಿ ಅದೇ ಮೊದಲು. ಜೇಬಿನಿಂದ ಹಳೇ ಕರ್ಚೀಫಿನ ಗಂಟು ತೆಗೆದ. "ಅಂಗಡೀದು ತಾತ. ಯಾರೂ ಕೇಳ್ಲಿಲ್ಲ, ನನ್ ಹತ್ರಾನೇ ಉಳ್ಕೊಂಡ್ತು."

ತಾತ ಎಡಗೈಯಿಂದ ಗೋದಲಿಯನ್ನು ತೋರಿಸಿ, ಸೊಟ್ಟ ಬಾಯಿಯಲ್ಲಿ ಕಷ್ಟಪಟ್ಟು, "ಇಡು" ಎಂದ.

"ನೀವೇ ಇಡಿ. ಆ ಕಡೆ ನನಗೆ ಕಾಣಲ್ಲ."

ಗೋದಲಿ ನಯಾಜಣ್ಣನ ಎಡಕ್ಕಿತ್ತು, ಹೋದ ಕಣ್ಣಿನ ಕಡೆಗೆ. ಮಾತಿನಲ್ಲಿ ಚುಚ್ಚು ಇತ್ತೋ, ಇದ್ದದ್ದನ್ನು ಇದ್ದ ಹಾಗೆ ಹೇಳಿದನೋ ನನಗೆ ಈಗಲೂ ಗೊತ್ತಿಲ್ಲ. ತಾತ ಸತ್ತ ಬಲಗೈಯನ್ನು ನೋಡಿಕೊಂಡು ದೊಡ್ಡದಾಗಿ ಅತ್ತ, ದನ ಕೂಗಿದ ಹಾಗೆ. ನಯಾಜಣ್ಣ ಮಂಚದ ಅಂಚಿಗೆ ಕೂತು, ಗೊಂಬೆಯನ್ನು ತಾತನ ಎಡ ಅಂಗೈಯಲ್ಲಿಟ್ಟು, ಬೆರಳುಗಳನ್ನು ಒಂದೊಂದಾಗಿ ಮಡಿಸಿ, ಎದ್ದು ಹೋದ. ಕತ್ತಲಾಗುವ ಮೊದಲು ಗೇಟಿನ ಸದ್ದಾಯಿತು. ಮೆಹರ್ ಆಂಟಿ ಹೊರಗೇ ನಿಂತು, "ಅಮ್ಮಾ, ನಿಮ್ ತಟ್ಟೆ" ಎಂದರು. ಒಳಗೆ ಬರಲಿಲ್ಲ. ತಟ್ಟೆಯಲ್ಲಿ ಒಂದು ಹಿಡಿ ಸಕ್ಕರೆ ಇತ್ತು. ಅಜ್ಜಿ ಅದರಲ್ಲಿ ಒಂದು ಚಿಟಿಕೆ ತೆಗೆದು ತಾತನ ಬಾಯಿಗೆ ಹಾಕಿದಳು; ಕರಗಿದ ಸಕ್ಕರೆ ಸೊಟ್ಟ ತುಟಿಯಿಂದ ಗಲ್ಲಕ್ಕೆ ಇಳಿಯಿತು. ಈಸ್ಟರಿನ ಉಪವಾಸ ಶುರುವಾಗುವ ಮೊದಲೇ ಅವನು ಹೋದ. ಕೊನೆಯವರೆಗೂ ಅವನು ಕೆಳಗಿಡದ ಆ ಗೊಂಬೆಯನ್ನು ಅವನ ಕೈಯಲ್ಲೇ ಬಿಟ್ಟು ಮಣ್ಣು ಮಾಡಿದೆವು.

ಈಗ ಆ ಮನೆ ಇಲ್ಲ. ಅಜ್ಜಿ, ಅಪ್ಪ ಇಬ್ಬರೂ ಇಲ್ಲ. ತಾತ ಸೀಳಿದ ಚಪ್ಪಡಿಗಳನ್ನು ಜೆಸಿಬಿ ಒಂದೇ ಬೆಳಿಗ್ಗೆ ಪುಡಿ ಮಾಡಿತು, ಅಲ್ಲೀಗ ಪಿಜಿ ಕಟ್ಟಡ ಎದ್ದಿದೆ. ಗೋಡೆಯ ಕಲೆಗಳೂ ಹೋದವು, ಅವನ್ನು ಮುಚ್ಚಿದ್ದ ಸಂತರೂ ಹೋದರು. ಡಿಸೆಂಬರ್ ಬಂದರೆ ನನ್ನ ಫೋನಿಗೆ ಯೇಸುವನ್ನು ಮರೆತ ಅಂಗಡಿಗಳನ್ನು ಬಹಿಷ್ಕರಿಸಿ ಎಂಬ ಸಂದೇಶಗಳು ಬರುತ್ತವೆ. ಅವರು ಹೇಳುವುದು ಸುಳ್ಳಲ್ಲ. ತಾತ ಹೇಳಿದ್ದೂ ಸುಳ್ಳಾಗಿರಲಿಲ್ಲ. ಮಾಲಿನ ಬಾಗಿಲಲ್ಲಿ ಕೆಂಪು ಕೋಟಿನವರನ್ನು ಕಂಡರೆ ನಾನು ಮಾತ್ರ ಗಡ್ಡದ ಮೇಲಿನ ಕಣ್ಣು ಎರಡನ್ನೂ ನೋಡಿ ಮುಂದೆ ಹೋಗುತ್ತೇನೆ. ಅಜ್ಜಿಯ ಆ ತಟ್ಟೆ ಈಗ ನನ್ನ ಬಳಿ ಇದೆ. ಬಿಟಿಎಂ ಲೇಔಟಿನಲ್ಲಿ ಮಗನ ಜೊತೆ ಇರುವ ಮೆಹರ್ ಆಂಟಿಗೆ ಪ್ರತಿ ವರ್ಷ ಹಬ್ಬದ ಹಿಂದಿನ ಸಂಜೆ ಅದನ್ನು ತುಂಬಿ ಕೊಟ್ಟು ಬರುತ್ತೇನೆ. ಕ್ಷಮಿಸಿದ್ದೇವೆ ಎಂದು ಆ ಮನೆಯಲ್ಲಿ ಯಾರೂ ಇದುವರೆಗೆ ಹೇಳಿಲ್ಲ. ತಟ್ಟೆ ಮಾತ್ರ ಖಾಲಿ ಬಂದಿಲ್ಲ.